ಡ್ಯಾಕ್ ಬದಲಾದ್ರೆ ದನಿ ಬದಲಾಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದ ಮೇಲಿದ್ವು: ಫೈಲ್‌ನಲ್ಲಿರೋ ಅಂಕಿಗಳನ್ನ ಸ್ಪೀಕರ್‌ಗೆ ಬೇಕಾದ ಸಿಗ್ನಲ್ ಮಾಡಿಕೊಡೋ ಕನ್ವರ್ಟರ್, ಅಂದ್ರೆ ಎಲ್ರೂ ಡ್ಯಾಕ್ ಅಂತ ಕರೆಯೋ ಪುಟ್ಟ ಡಬ್ಬಿ. ಹಾಗಾಗಿ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವಕ್ಕೇ ಉತ್ತರ ಬರೀತಿದೀನಿ.

ಪ್ರಶ್ನೆ: ಮೊದ್ಲು ಫೋನಿಗೆ ಸಿಗಿಸೋ ಸಣ್ಣ ಡಾಂಗಲ್‌ನಿಂದಲೇ ಆಂಪ್ಲಿಫೈಯರ್‌ಗೆ ಹಾಡು ಕೊಡ್ತಿದ್ದೆ. ಹೋದ ತಿಂಗಳು 18 ಸಾವಿರ ಕೊಟ್ಟು ಡ್ಯಾಕ್ ತಗೊಂಡೆ. ಬಾಸ್ ತುಂಬಿಕೊಂಡು ಬರುತ್ತೆ, ಹಾಡೋರು ಎದುರಿಗೇ ಕೂತಂಗೆ ಅನ್ಸುತ್ತೆ. ಗೆಳೆಯ ಮಾತ್ರ "ಎಲ್ಲಾ ಡ್ಯಾಕೂ ಒಂದ, ರೊಕ್ಕ ದಂಡ" ಅಂತಾನೆ. ಯಾರ ಮಾತು ಖರೆ?
(ಹುಬ್ಬಳ್ಳಿಯ ಓದುಗರು)

ಉತ್ತರ: ನಿಮಗೆ ಕೇಳಿಸಿದ್ದು ಸುಳ್ಳಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ಅದು ಡ್ಯಾಕ್‌ನ ಗುಣಾನಾ ಬರೀ ವಾಲ್ಯೂಮಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಫೋನ್ ಡಾಂಗಲ್‌ಗಳು ಸಾಮಾನ್ಯವಾಗಿ 1 ವೋಲ್ಟ್ ಆಸುಪಾಸು ಕೊಡ್ತವೆ, ಮನೆ ಸೆಟ್ಟಿಗೆ ಅಂತ ಮಾಡಿದ ಡ್ಯಾಕ್‌ಗಳು ಸಿಡಿ ಪ್ಲೇಯರ್ ಕಾಲದ ರೂಢಿ ಹಿಡಿದು 2 ವೋಲ್ಟ್ ಕೊಡ್ತವೆ. ಎರಡು ಪಟ್ಟು ವೋಲ್ಟೇಜ್ ಅಂದ್ರೆ 6 ಡೆಸಿಬೆಲ್. ಆಂಪ್‌ನ ನಾಬ್ ಮುಟ್ಟದೆ ಡಬ್ಬಿ ಮಾತ್ರ ಬದಲಾಯಿಸಿದ್ರೆ ಹೊಸದು ಜೋರಾಗೇ ಬರುತ್ತೆ, ಮತ್ತೆ ಜೋರಾದ ಕೂಡ್ಲೇ ಕಿವಿ ಬೇರೆ ಥರ ಕೇಳೋಕೆ ಶುರು ಮಾಡುತ್ತೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಇಬ್ರು 1933ರಲ್ಲೇ ಇದನ್ನ ಅಳೆದು ತೋರಿಸಿದಾರೆ: ಸದ್ದು ಸಣ್ಣಗಿದ್ದಾಗ ನಮಗೆ ಬಾಸ್ ಕಮ್ಮಿ ಕೇಳುತ್ತೆ, ಸದ್ದು ಏರಿದ ಹಾಗೆ ಬಾಸ್ ಮಧ್ಯದ ಸ್ವರಗಳಿಗಿಂತ ಬೇಗ ತುಂಬಿಕೊಳ್ಳುತ್ತೆ. ನೀವು ಬರೆದ "ಬಾಸ್ ತುಂಬಿಕೊಂಡು" ಅನ್ನೋ ಮಾತಿಗೆ ಇದೊಂದೇ ಕಾರಣ ಸಾಕು.

6 ಡೆಸಿಬೆಲ್ ಆದ್ರೆ ಹೆಂಗೋ ಗೊತ್ತಾಗುತ್ತೆ. ಕಷ್ಟ ಇರೋದು ಅರ್ಧ ಡೆಸಿಬೆಲ್‌ನಲ್ಲಿ. ಒಂದು ಡ್ಯಾಕ್ 2 ವೋಲ್ಟ್, ಇನ್ನೊಂದು 2.1 ವೋಲ್ಟ್ ಕೊಟ್ರೆ ವ್ಯತ್ಯಾಸ 0.4 ಡೆಸಿಬೆಲ್. ಅಷ್ಟನ್ನ ಯಾರೂ "ಇದು ಜೋರಾಗಿದೆ" ಅನ್ನಲ್ಲ, "ಇದು ಸ್ವಲ್ಪ ಕ್ಲಿಯರ್ ಆಗಿದೆ, ಜೀವ ಇದೆ" ಅಂತಾರೆ. ಅದಕ್ಕೇ ಎರಡನ್ನೂ 0.1 ಡೆಸಿಬೆಲ್ ಒಳಗೆ ಸಮ ಮಾಡ್ಕೋಬೇಕು, ಲೆಕ್ಕದಲ್ಲಿ ಅದು ಶೇಕಡಾ 1ರಷ್ಟು ವೋಲ್ಟೇಜ್. ಕಿವಿಯಿಂದ ಆಗೋ ಕೆಲ್ಸ ಅಲ್ಲ, ಫೋನಿನ ಸೌಂಡ್ ಮೀಟರ್ ಆಪ್‌ನಿಂದಲೂ ಆಗಲ್ಲ, ಮಲ್ಟಿಮೀಟರ್ ಬೇಕು. ತಗೊಳ್ಳುವಾಗ ನೋಡ್ಕೊಳ್ಳಿ, ತೀರಾ ಅಗ್ಗದ ಹಳದಿ ಮೀಟರ್‌ಗಳಲ್ಲಿ ಎಸಿ ಅಂದ್ರೆ 200 ಮತ್ತು 750 ವೋಲ್ಟ್ ರೇಂಜ್ ಅಷ್ಟೇ ಇರುತ್ತೆ, ಅದ್ರಲ್ಲಿ 2 ವೋಲ್ಟ್ ಅಳೆಯೋಕೆ ಹೋದ್ರೆ ನಂಬೋ ಹಾಗಿರಲ್ಲ. ಎಸಿಯಲ್ಲಿ 2 ಅಥ್ವಾ 20 ವೋಲ್ಟ್ ರೇಂಜ್ ಇರೋದು ಕೇಳಿ ತಗೊಳ್ಳಿ, ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡ್‌ನಲ್ಲಿ ಬೇಕಾದಷ್ಟು ಸಿಗುತ್ತೆ. 100 ಹರ್ಟ್ಜ್‌ನ ಒಂದು ಟೋನ್ ಹಾಕಿ (ಸಾಧಾರಣ ಮೀಟರ್‌ಗಳು ಕೆಳಗಿನ ಫ್ರೀಕ್ವೆನ್ಸಿಯಲ್ಲೇ ಸರಿಯಾಗಿ ಓದೋದು), ಡ್ಯಾಕ್‌ನ ಔಟ್‌ಪುಟ್ ಅಳೆದು, ಯಾವುದು ಜೋರೋ ಅದನ್ನ ಅದರದೇ ವಾಲ್ಯೂಮ್‌ನಿಂದ ಇಳಿಸಿ. ಸ್ಪೀಕರ್ ಟರ್ಮಿನಲ್‌ನಲ್ಲೂ ಅಳೀಬಹುದು, ಆದ್ರೆ ಪ್ರೋಬ್‌ಗಳ ತುದಿ ಒಂದಕ್ಕೊಂದು ತಾಗಿದ್ರೆ ಆಂಪ್ ಸುಟ್ಟೋಗಬಹುದು, ಜೋಪಾನ.

ಇಷ್ಟಾದ ಮೇಲೂ ವ್ಯತ್ಯಾಸ ಉಳಿದ್ರೆ ನೀವು ಗೆದ್ದಂಗೆ. ನಿಮ್ಮ ಗೆಳೆಯ ಹೇಳೋ ಹಾಗೆ "ಎಲ್ಲಾ ಡ್ಯಾಕೂ ಒಂದೇ" ಅನ್ನೋದನ್ನೂ ನಾನು ಒಪ್ಪಲ್ಲ, ಅದಕ್ಕೆ ಕೆಳಗೆ ಬರ್ತೀನಿ.

ಪ್ರಶ್ನೆ: ಯಾವ ಡ್ಯಾಕ್ ಓಡ್ತಿದೆ ಅಂತ ನೋಡದೆ ಕೇಳಿ ಹೇಳೋ ಬ್ಲೈಂಡ್ ಟೆಸ್ಟ್ ಅಂತ ತಮ್ಮನನ್ನ ಕೂರಿಸ್ಕೊಂಡು 8 ಸಲ ಮಾಡಿದೆ, 6 ಸಲ ಸರಿ ಹೇಳಿದೆ. ಅಂದ್ರೆ ನನಗೆ ವ್ಯತ್ಯಾಸ ಕೇಳಿಸ್ತಿದೆ ಅಂತ ಅರ್ಥ ಅಲ್ವಾ?
(ಶಿವಮೊಗ್ಗದ ಓದುಗರು)

ಉತ್ತರ: ಟೆಸ್ಟ್ ಮಾಡಿದ್ರಲ್ಲ, ಅದೇ ನಂಗೆ ತುಂಬಾ ಖುಷಿ. ಆದ್ರೆ 8ಕ್ಕೆ 6 ಸಾಲಲ್ಲ. ಏನೂ ಕೇಳಿಸದೆ ಬರೀ ನಾಣ್ಯ ಚಿಮ್ಮಿ ಉತ್ತರ ಬರೆದ್ರೂ 8ರಲ್ಲಿ 6 ಅಥ್ವಾ ಹೆಚ್ಚು ಸರಿಯಾಗೋ ಸಾಧ್ಯತೆ ಶೇಕಡಾ 14ಕ್ಕಿಂತ ಜಾಸ್ತಿ ಇದೆ, ಅಂದ್ರೆ ಏಳು ಜನ ಕಣ್ಮುಚ್ಚಿ ಊಹಿಸಿದ್ರೆ ಒಬ್ರು ನಿಮ್ಮಷ್ಟೇ ಅಂಕ ತಗೋತಾರೆ. 16 ಸಲ ಮಾಡಿ, 12 ಸರಿ ಬಂದ್ರೆ ಊಹೆಯಿಂದ ಬಂದಿರೋ ಸಾಧ್ಯತೆ ಶೇಕಡಾ 4ಕ್ಕಿಂತ ಕಮ್ಮಿ, ಆಗ ಮಾತಿಗೆ ತೂಕ ಬರುತ್ತೆ. ಎಷ್ಟು ಸಲ ಅಂತ ಮೊದ್ಲೇ ಹಾಳೆ ಮೇಲೆ ಬರೆದಿಡಿ. ಅಂಕ ಚೆನ್ನಾಗಿ ಬಂದಾಗ ನಿಲ್ಸೋದು, ಬರದಿದ್ರೆ "ಇನ್ನೊಂದೆರಡು ಸಲ ನೋಡೋಣ" ಅನ್ನೋದು ಎರಡೂ ಲೆಕ್ಕವನ್ನ ಕೆಡಿಸ್ತವೆ.

ಇದಕ್ಕೆ ಎಬಿಎಕ್ಸ್ ಅನ್ನೋ ಪದ್ಧತಿ ಇದೆ, ಹೆಸರು 1950ರ ಹೊತ್ತಿಗೇ ಬಂದಿದ್ದು. ಎ ಒಂದು ಡ್ಯಾಕ್, ಬಿ ಇನ್ನೊಂದು, ಎಕ್ಸ್ ಅಂದ್ರೆ ಆ ಎರಡರಲ್ಲಿ ಯಾವುದೋ ಒಂದು. ಎ, ಬಿ ಎರಡನ್ನೂ ಬೇಕಾದಷ್ಟು ಸಲ ಕೇಳಿ, ಆಮೇಲೆ ಎಕ್ಸ್ ಯಾವುದು ಅಂತ ಹೇಳ್ಬೇಕು. ಇದ್ರಲ್ಲಿ ನಂಗೆ ಇಷ್ಟ ಆಗೋದು ಏನಂದ್ರೆ ಯಾವುದು ಚೆನ್ನಾಗಿದೆ ಅಂತ ಯಾರೂ ಕೇಳಲ್ಲ, ಬೇರೆ ಅಂತ ಗೊತ್ತಾಗುತ್ತಾ ಅನ್ನೋದಷ್ಟೇ ಪ್ರಶ್ನೆ. ಬೇರೆ ಅಂತಲೇ ಗೊತ್ತಾಗದಿದ್ರೆ ಚೆನ್ನಾಗಿದೆಯೋ ಇಲ್ವೋ ಅನ್ನೋ ಜಗಳಕ್ಕೆ ಜಾಗ ಇಲ್ಲ.

ಬದಲಾಯಿಸೋರು ನಿಮ್ಮ ತಮ್ಮ ಆದ್ರೆ ಅವ್ರು ನಿಮ್ಮ ಕಣ್ಣಿಗೆ ಬೀಳಬಾರ್ದು, ಮಾತಾಡಬಾರ್ದು, ಯಾವ ಸಲ ಯಾವುದು ಅನ್ನೋದನ್ನ ಅವರ ಮನಸ್ಸಿಗೆ ಬಿಡಬಾರ್ದು, ನಾಣ್ಯ ಚಿಮ್ಮಿ ಮೊದ್ಲೇ ಪಟ್ಟಿ ಮಾಡಿಡ್ಬೇಕು, ಯಾಕಂದ್ರೆ ಮನುಷ್ಯ ತನ್ನಷ್ಟಕ್ಕೆ ಆರಿಸಿದ್ರೆ ಒಂದೇ ಡಬ್ಬಿಯನ್ನ ನಾಲ್ಕು ಸಲ ಸತತವಾಗಿ ಹಾಕೋಕೆ ಹಿಂಜರೀತಾನೆ, ಕೇಳೋರಿಗೆ ಅದು ಸುಳಿವಾಗುತ್ತೆ. ಬದಲಾವಣೆ ಎರಡು ಮೂರು ಸೆಕೆಂಡ್ ಒಳಗೆ ಆಗ್ಬೇಕು. ದನಿಯ ಸೂಕ್ಷ್ಮ ನೆನಪು ಕೆಲವೇ ಸೆಕೆಂಡ್ ಉಳಿಯೋದು, ಕೇಬಲ್ ಕಿತ್ತು ಹಾಕೋಷ್ಟರಲ್ಲಿ ಅದು ಅಳಿಸಿ ಹೋಗಿರುತ್ತೆ, ಆಮೇಲೆ ಹೋಲಿಸೋದು ದನಿಯನ್ನಲ್ಲ, ದನಿ ಬಗ್ಗೆ ನಾವು ಅಂದ್ಕೊಂಡಿದ್ದನ್ನ. ಎರಡು ಇನ್‌ಪುಟ್‌ನ ಸಣ್ಣ ಸೆಲೆಕ್ಟರ್ ಬಾಕ್ಸ್ ಸಿಗುತ್ತೆ, ಅದು ಸಾಕು.

ನಮ್ಮ ಮನೇಲಿ ಆಗಿದ್ದನ್ನ ಹೇಳ್ತೀನಿ. ಎರಡು ಡ್ಯಾಕ್ ಸಮ ಮಾಡಿಟ್ಟು 16ಕ್ಕೆ 14 ಸರಿ ಹೇಳಿದ್ದೆ, ಅವತ್ತು ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಮಾರನೇ ದಿನ ಅಕ್ಕನ ಮಗಳು ಪಕ್ಕದಲ್ಲಿ ಕೂತು ಕೇಳ್ತಾ "ಅದು ಶುರುವಾಗೋ ಮೊದ್ಲು ಟಿಕ್ ಅನ್ನುತ್ತಲ್ಲ" ಅಂದ್ಲು. ಒಂದು ಡ್ಯಾಕ್ ಸಿಗ್ನಲ್ ಬಂದ ಕೂಡ್ಲೇ ಒಳಗಿನ ರಿಲೇ, ಅಂದ್ರೆ ಕರೆಂಟಿನಿಂದ ತಾನೇ ಓಡೋ ಸ್ವಿಚ್, ಹಾಕ್ಕೊಳ್ತಿತ್ತು. ಆ ಟಿಕ್ ನನ್ನ ಗಮನಕ್ಕೆ ಬಂದೇ ಇರಲಿಲ್ಲ, ಆದ್ರೆ ಕಿವಿಗೆ ಬಂದಿತ್ತು. ಎರಡೂ ಡ್ಯಾಕ್ ಸದಾ ಓಡ್ತಾ ಇರೋ ಹಾಗೆ ಮಾಡಿ ಮತ್ತೆ ಕೂತಾಗ 16ಕ್ಕೆ 9.

ಇನ್ನೊಂದು ಕಡೆಯ ನ್ಯಾಯಾನೂ ಹೇಳ್ಬೇಕು. 9 ಬಂತು ಅಂತ "ವ್ಯತ್ಯಾಸ ಇಲ್ಲವೇ ಇಲ್ಲ" ಅಂತ ಸಾಬೀತಾಗಲ್ಲ. ನಿಜವಾಗ್ಲೂ ನೂರಕ್ಕೆ 60 ಸಲ ಗುರುತಿಸಬಲ್ಲ ಕಿವಿ ಇರೋರು ಕೂಡ 16ರ ಟೆಸ್ಟ್‌ನಲ್ಲಿ 12 ಮುಟ್ಟೋದು ಸುಮಾರು ಆರರಲ್ಲಿ ಒಂದು ಸಲ ಅಷ್ಟೇ. ಹಾಗಾಗಿ ಬೇರೆ ಬೇರೆ ದಿನ, ದಣಿವಿಲ್ಲದಾಗ, ನಿಮಗೆ ಚೆನ್ನಾಗಿ ಗೊತ್ತಿರೋ ಹಾಡಿನ ಹತ್ತು ಸೆಕೆಂಡ್ ತುಣುಕು ಇಟ್ಕೊಂಡು ಮಾಡಿ. ತಂಬೂರಿಯ ಜೀವಾಳಿ, ಘಟದ ಪೆಟ್ಟು, ಚಪ್ಪಾಳೆ ಇವೆಲ್ಲ ಒಳ್ಳೇ ತುಣುಕುಗಳು.

ಪ್ರಶ್ನೆ: ಎಕೆಎಂ ಕಂಪನಿಯ ಚಿಪ್ ಇರೋ ಡ್ಯಾಕ್ ರೇಷ್ಮೆ ಥರ, ಇಎಸ್‌ಎಸ್ ಕಂಪನಿಯ ಚಿಪ್ ಇರೋದು ಚುಚ್ಚುತ್ತೆ ಅಂತ ಎಲ್ಲಾ ಕಡೆ ಓದ್ತೀನಿ. ನನ್ನ ಹತ್ರ ಇರೋ ಮಾಡೆಲ್‌ನ ಹೊಸ ಬ್ಯಾಚ್‌ನಲ್ಲಿ ಚಿಪ್ ಬದಲಾಗಿದೆ. ಹಳೇದನ್ನೇ ಹುಡುಕ್ಲಾ?
(ಬೆಂಗಳೂರಿನ ಓದುಗರು)

ಉತ್ತರ: ಹುಡುಕಬೇಡಿ. ಚಿಪ್ ಬದಲಾದ ಕಥೆ ಬಹಳ ಡ್ಯಾಕ್‌ಗಳದ್ದು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಓಕದಲ್ಲಿದ್ದ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು, ದಿನಗಟ್ಟಲೆ ಉರೀತು, ಚಿಪ್ ಸಿಗದೆ ಎಷ್ಟೋ ತಯಾರಕರು ಬೇರೆ ಚಿಪ್ ಹಾಕಿ ಬೋರ್ಡ್ ಮತ್ತೆ ಡಿಸೈನ್ ಮಾಡ್ಬೇಕಾಯ್ತು. ಇನ್ನು "ವೆಲ್ವೆಟ್ ಸೌಂಡ್" ಅನ್ನೋದು ಎಕೆಎಂನವರು ತಾವೇ ಇಟ್ಕೊಂಡ ಹೆಸರು. ಹೆಸರು ಓದಿ ಕೇಳೋಕೆ ಕೂತ್ರೆ ಮೆತ್ತಗೆ ಕೇಳಿಸದೆ ಇರುತ್ತಾ? ಹೆಸರು ಮುಚ್ಚಿಟ್ಟು ಕೇಳಿ ಅಂತ ನಾನು ಇಷ್ಟೊಂದು ಹೇಳೋದು ಇದಕ್ಕೇ.

ದನಿಯಲ್ಲಿ ನಿಜವಾಗ್ಲೂ ವ್ಯತ್ಯಾಸ ಬರೋ ಜಾಗಗಳು ಬೇರೆ ಇವೆ. ಒಂದು, ಫಿಲ್ಟರ್. ನಾಸ್ ಅಂತ ಕರೆಯೋ, ಓವರ್‌ಸ್ಯಾಂಪ್ಲಿಂಗ್ (ಫೈಲ್‌ನ ಅಂಕಿಗಳ ಮಧ್ಯೆ ಇನ್ನಷ್ಟು ಅಂಕಿ ಲೆಕ್ಕ ಹಾಕಿ ತುಂಬೋದು) ಇಲ್ಲದ ಡ್ಯಾಕ್‌ಗಳು ಸರಿದೂಗಿಸೋ ವ್ಯವಸ್ಥೆ ಇಲ್ದಿದ್ರೆ 44.1 ಕಿಲೋಹರ್ಟ್ಜ್ ಫೈಲ್‌ನಲ್ಲಿ 10 ಕಿಲೋಹರ್ಟ್ಜ್ ಹತ್ರ ಮುಕ್ಕಾಲು ಡೆಸಿಬೆಲ್, 20 ಕಿಲೋಹರ್ಟ್ಜ್ ಹತ್ರ 3 ಡೆಸಿಬೆಲ್‌ಗಿಂತ ಜಾಸ್ತಿ ಇಳಿದುಬಿಡ್ತವೆ, ಎಳೇ ಕಿವಿಗೆ ಅದು ಕೇಳಿಸುತ್ತೆ, ಕೆಲವರಿಗೆ ಆ ಮೆತ್ತನೆ ದನಿ ಇಷ್ಟಾನೂ ಆಗುತ್ತೆ, ಅದ್ರಲ್ಲಿ ತಪ್ಪೇನಿಲ್ಲ. ಎರಡನೇದು ಇನ್ನೂ ದೊಡ್ಡದು, ಹೆಡ್‌ಫೋನ್ ಔಟ್‌ಪುಟ್‌ನ ಇಂಪಿಡೆನ್ಸ್, ಅಂದ್ರೆ ಸಿಗ್ನಲ್‌ಗೆ ಅದು ಒಡ್ಡೋ ತಡೆ. ಒಳಗೆ ನಾಲ್ಕೈದು ಡ್ರೈವರ್ (ಪುಟಾಣಿ ಸ್ಪೀಕರ್) ಇರೋ ಇಯರ್‌ಫೋನ್‌ನ ಇಂಪಿಡೆನ್ಸ್ ಒಂದು ಸ್ವರದಲ್ಲಿ 10 ಓಮ್, ಇನ್ನೊಂದರಲ್ಲಿ 40 ಓಮ್ ಇದ್ರೆ, 10 ಓಮ್ ಔಟ್‌ಪುಟ್ ಇರೋ ಡಬ್ಬಿಗೆ ಹಾಕಿದಾಗ ಆ ಎರಡು ಸ್ವರಗಳ ಮಧ್ಯೆ 4 ಡೆಸಿಬೆಲ್ ಏರುಪೇರು ಆಗುತ್ತೆ, 1 ಓಮ್ ಔಟ್‌ಪುಟ್ ಇದ್ರೆ 0.6 ಅಷ್ಟೇ. ಇದು ಯಾರಿಗಾದ್ರೂ ಕೇಳಿಸೋ ವ್ಯತ್ಯಾಸ. ಜನ ಇದನ್ನ ಚಿಪ್‌ನ ಗುಣ ಅಂತ ಬರೀತಾರೆ, ಪಾಪ ಚಿಪ್‌ಗೂ ಇದಕ್ಕೂ ಸಂಬಂಧಾನೇ ಇಲ್ಲ. ಇವೆರಡೂ ಸರಿ ಇದ್ದು ಹಿಸ್ (ಹಿನ್ನೆಲೆಯ ಸುಯ್ ಸದ್ದು), ಡಿಸ್ಟಾರ್ಶನ್ (ದನಿ ಕೆಡೋದು) ಕಿವಿಗೆ ಎಟುಕದಷ್ಟು ಕೆಳಗಿರೋ ಎರಡು ಡ್ಯಾಕ್‌ಗಳನ್ನ ಸಮ ವಾಲ್ಯೂಮ್‌ನಲ್ಲಿ ಬೇರೆ ಮಾಡಿ ಹೇಳೋದು ಬಹಳ ಬಹಳ ಕಷ್ಟ, ಇದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಹೈ-ರೆಸ್ ಅಂತ ಮಾರೋ, ಸಿಡಿಗಿಂತ ಹೆಚ್ಚು ವಿವರ ತುಂಬಿರೋ 24 ಬಿಟ್ 192 ಕಿಲೋಹರ್ಟ್ಜ್ ಫೈಲ್‌ಗಳಿಗೆ ಅಂತಲೇ ದುಬಾರಿ ಡ್ಯಾಕ್ ಬೇಕಾ? ಸಿಡಿ ಕ್ವಾಲಿಟಿ ಸಾಲಲ್ವಾ?
(ಉಡುಪಿಯ ಓದುಗರು)

ಉತ್ತರ: ಕೇಳೋದಕ್ಕೆ ಸಾಕು. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೋರಾನ್ ಅನ್ನೋ ಇಬ್ರು ಹೈ-ರೆಸ್ ಡಿಸ್ಕ್‌ಗಳ ದನಿಯನ್ನ ಒಂದು ಸಲ ಹಾಗೇ, ಇನ್ನೊಂದು ಸಲ ಸಿಡಿ ಮಟ್ಟದ 16 ಬಿಟ್ 44.1 ಕಿಲೋಹರ್ಟ್ಜ್ ಕನ್ವರ್ಟರ್ ಮೂಲಕ ಹಾಯಿಸಿ ಕೇಳಿಸಿದ್ರು, 554 ಸಲದಲ್ಲಿ 276 ಸರಿ, ಅಂದ್ರೆ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಅವರು ಬಳಸಿದ ಕೆಲವು ಡಿಸ್ಕ್‌ಗಳ ಮೂಲ ರೆಕಾರ್ಡಿಂಗೇ ಹೈ-ರೆಸ್ ಅಲ್ಲ ಅನ್ನೋ ಆಕ್ಷೇಪ ಬಂತು, ಅದು ನ್ಯಾಯವಾದ ಆಕ್ಷೇಪವೇ. 2016ರಲ್ಲಿ ಲಂಡನ್ನಿನ ಸಂಶೋಧಕ ಜೋಶುವಾ ರೀಸ್ 18 ಪ್ರಯೋಗಗಳನ್ನ ಒಟ್ಟು ಸೇರಿಸಿ ನೋಡಿದಾಗ ಶೇಕಡಾ 52.3 ಸರಿ ಬಂತು, ತರಬೇತಿ ಪಡೆದ ಕಿವಿಗಳಲ್ಲಿ ಅದು 60ರ ಹತ್ರ ಹೋಯ್ತು. ಅಂದ್ರೆ ಏನೋ ಒಂದು ಎಳೆ ಇರಬಹುದು, ಆದ್ರೆ ರಾತ್ರಿ ಹಗಲಿನ ವ್ಯತ್ಯಾಸ ಅಂತ ಮಾರೋರ ಮಾತಿಗೂ ಇದಕ್ಕೂ ಬಹಳ ದೂರ. 16 ಬಿಟ್‌ನಲ್ಲೇ ತೀರಾ ಸಣ್ಣ ಸದ್ದಿನಿಂದ ತೀರಾ ಜೋರಿನವರೆಗೆ ಸುಮಾರು 96 ಡೆಸಿಬೆಲ್ ಹರವು ಸಿಗುತ್ತೆ, 60-70ರ ದಶಕದ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡುಗಳು ಟೇಪ್ ಮೇಲೆ ಮೂಡಿದ್ದು, ಆ ಟೇಪ್‌ನ ಹಿಸ್ ಅದಕ್ಕಿಂತ ಎಷ್ಟೋ ಮೇಲಿರುತ್ತೆ. ಅದೇ ದುಡ್ಡಲ್ಲಿ ಸ್ಪೀಕರ್ ಒಳ್ಳೇದು ತಗೊಳ್ಳಿ.

ಪ್ರಶ್ನೆ: ನಾನು ಹಿಂದೂಸ್ತಾನಿ ಕಲೀತಿದೀನಿ, ರಿಯಾಜ್ ರೆಕಾರ್ಡ್ ಮಾಡ್ಕೊಳ್ಳೋಕೆ ಇಂಟರ್‌ಫೇಸ್ (ಮೈಕನ್ನ ಕಂಪ್ಯೂಟರ್‌ಗೆ ಜೋಡಿಸೋ ಡಬ್ಬಿ) ಬೇಕು. ಕನ್ವರ್ಟರ್ ಚೆನ್ನಾಗಿರೋದು ಯಾವ್ದು?
(ಧಾರವಾಡದ ಓದುಗರು)

ಉತ್ತರ: ಫ್ಯಾನ್ ಓಡ್ತಿರೋ ಕೋಣೆಯ ಸದ್ದೇ ಸುಮಾರು 40 ಡೆಸಿಬೆಲ್, ನಿಮ್ಮ ತಾರಸ್ಥಾಯಿ ಮೈಕಿನ ಹತ್ರ 95 ಇರಬಹುದು, ಮಧ್ಯೆ 55. ಈಗಿನ ಸಾಧಾರಣ ಇಂಟರ್‌ಫೇಸ್ ಕೂಡ 100ಕ್ಕಿಂತ ಹೆಚ್ಚು ಹಿಡಿಯುತ್ತೆ. ಹಾಗಾಗಿ ಫ್ಯಾನ್ ಆಫ್ ಮಾಡಿ, ಬೆನ್ನ ಹಿಂದೆ ಒಂದು ರಗ್ಗು ಇಳಿಬಿಡಿ, ಮೈಕಿಗೆ ದುಡ್ಡು ಹಾಕಿ. ಕನ್ವರ್ಟರ್ ಮೇಲೆ ಅನುಮಾನ ಇದ್ರೆ ಒಂದು ಚಂದದ ಪರೀಕ್ಷೆ ಇದೆ: ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಕೇಬಲ್ ಕೊಟ್ಟು ಒಂದು ಹಾಡು ನುಡಿಸಿ ರೆಕಾರ್ಡ್ ಮಾಡಿ, ಆ ರೆಕಾರ್ಡಿಂಗನ್ನ ಮತ್ತೆ ನುಡಿಸಿ ಮತ್ತೆ ರೆಕಾರ್ಡ್ ಮಾಡಿ, ಹೀಗೆ ಹತ್ತು ಸುತ್ತು. ಹತ್ತನೇದನ್ನ ಮೂಲದ ಜೊತೆ ವಾಲ್ಯೂಮ್ ಸಮ ಮಾಡಿ, ಆರಂಭ ಒಂದೇ ಕಡೆ ಕತ್ತರಿಸಿ, ಫೂಬಾರ್2000 ಅನ್ನೋ ಕಂಪ್ಯೂಟರ್ ಪ್ಲೇಯರ್‌ನ ಎಬಿಎಕ್ಸ್ ಪ್ಲಗಿನ್‌ಗೆ ಹಾಕಿ ಕೇಳಿ. ಹತ್ತು ಸಲ ಹೋಗಿ ಬಂದದ್ದನ್ನೇ ಗುರುತಿಸೋಕೆ ಆಗ್ತಿಲ್ಲ ಅಂದ್ರೆ ಒಂದು ಸಲದ್ದಕ್ಕೆ ಚಿಂತೆ ಬೇಡ. ಇದಕ್ಕೆ ತಮ್ಮನೂ ಬೇಡ, ನಾಣ್ಯಾನೂ ಬೇಡ, ಒಬ್ರೇ ಕೂತು ಮಾಡಬಹುದು.

ಪ್ರಶ್ನೆ: ಹೊಸ ಡ್ಯಾಕ್ ಹಾಕಿದಾಗಿಂದ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು. ಡ್ಯಾಕ್ ಕೆಟ್ಟದಾ?
(ಹಾಸನದ ಓದುಗರು)

ಉತ್ತರ: ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಸದ್ದು ನಿಂತ್ರೆ ಅದು ಕರೆಂಟಿನ ಅರ್ಥ್ ಸುತ್ತಿ ಬರ್ತಿರೋದು, ಡ್ಯಾಕ್‌ನ ತಪ್ಪಲ್ಲ. ಆಂಪ್ ಮತ್ತು ಚಾರ್ಜರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ರೆ ಎಷ್ಟೋ ಸಲ ಕಮ್ಮಿ ಆಗುತ್ತೆ. ಆಗದಿದ್ರೆ, ನಿಮ್ಮ ಲ್ಯಾಪ್‌ಟಾಪ್ ಅಥ್ವಾ ಟಿವಿಯಲ್ಲಿ ಆಪ್ಟಿಕಲ್ ಔಟ್ ಇದ್ರೆ ಅದ್ರಿಂದ ಡ್ಯಾಕ್‌ಗೆ ಕೊಡಿ, ಬೆಳಕಿನ ಕೇಬಲ್‌ನಲ್ಲಿ ಕರೆಂಟ್ ಹರಿಯೋ ದಾರಿಯೇ ಇರಲ್ಲ. ಸದ್ದು ಹೋಗ್ಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ, ಶಾಕ್ ಹೊಡೆದ್ರೆ ನಿಮ್ಮನ್ನ ಕಾಯೋದು ಅದೇ.