ಸಾಸಿವೆ ಡಬ್ಬಿ ಗುಟ್ಟು, ಮೈದನ ಬೀಗರೂಟ

ಪತ್ರ ಹೀಗಿದೆ, ಸ್ವಲ್ಪ ಚಿಕ್ಕದು ಮಾಡಿ ಹಾಕ್ತಿದ್ದೀನಿ:

"ಅಕ್ಕಾ, ನನಗೆ 33 ವರ್ಷ. ಮೈಸೂರು ಹೆಬ್ಬಾಳದಲ್ಲಿ ಬಾಡಿಗೆ ಮನೆ, 8,500 ಬಾಡಿಗೆ. ನಮ್ಮನೆಯವ್ರು ಫ್ಯಾಕ್ಟರೀಲಿ ಕೆಲಸ, ಕೈಗೆ 31 ಸಾವಿರ ಬರತ್ತೆ. ನಾನು ಮನೇಲೇ ಬ್ಲೌಸ್ ಹೊಲೀತೀನಿ, ತಿಂಗಳಿಗೆ ಒಂಬತ್ತು ಹತ್ತು ಸಾವಿರ ಆಗತ್ತೆ. ಮಗಳು ನಾಲ್ಕನೇ ಕ್ಲಾಸು, ಯುಗಾದಿ ಹೊತ್ತಿಗೆ ಹತ್ತು ವರ್ಷ ತುಂಬತ್ತೆ. ನಾಲ್ಕು ವರ್ಷದ ಹಿಂದೆ ಇವ್ರು ಫ್ರೆಂಡ್‌ಗೆ ಅಂತ 40 ಸಾವಿರ ಕೊಟ್ರು, ಅದು ವಾಪಸ್ ಬರ್ಲೇ ಇಲ್ಲ. ಆಗಿಂದ ನಾನು ಇವ್ರಿಗೆ ಹೇಳದೆ ದುಡ್ಡು ಕೂಡಿಡ್ತಿದ್ದೀನಿ. ಪೋಸ್ಟ್ ಆಫೀಸ್ ಆರ್‌ಡಿಲಿ 1,60,000 ಆಗಿದೆ, ಬೀದೀಲಿ ಒಬ್ರ ಹತ್ರ ಒಂದು ಲಕ್ಷದ ಚೀಟಿ, 15 ತಿಂಗಳು ಕಟ್ಟಿದ್ದೀನಿ, 75 ಸಾವಿರದ ಹತ್ರ ಹೋಗಿದೆ, ಮನೇಲಿ 50 ಸಾವಿರ ಕ್ಯಾಶು. ಒಂದು ಮನೆ ಭೋಗ್ಯಕ್ಕೆ ಹಾಕ್ಕೊಂಡು ಬಾಡಿಗೆ ತಪ್ಪಿಸ್ಕೊಬೇಕು ಅನ್ನೋದು ನನ್ನಾಸೆ. ಈಗ ಮದ್ದೂರಿನ ಕಡೆ ನಮ್ಮೂರಲ್ಲಿ ಮೈದನ ಮದುವೆ. ಬೀಗರೂಟದ ಖರ್ಚು ದೊಡ್ಡ ಮಗಂದೇ ಅಂತ ಅತ್ತೆ ಹೇಳಿದ್ದಾರೆ, 1,200 ಜನ, ಬರೀ ದುಂದು ವೆಚ್ಚ. ಇವ್ರು ಬ್ಯಾಂಕಿಂದ ಮೆಸೇಜ್ ಬಂದಿದೆ ಅಂತ 5 ಲಕ್ಷ ಪರ್ಸನಲ್ ಲೋನ್ ತಗೊಳ್ತೀನಿ ಅಂತಿದ್ದಾರೆ, 14 ಪರ್ಸೆಂಟು, ಐದು ವರ್ಷ. ನನ್ನ ದುಡ್ಡಿನ ವಿಷಯ ಹೇಳಿದ್ರೆ ಎಲ್ಲಾ ಊಟಕ್ಕೇ ಹೋಗತ್ತೆ. ಹೇಳದಿದ್ರೆ ಸಾಲ. ಮದುವೆಗೆ ಮನೆ ಹೆಂಗಸರ 14 ಬ್ಲೌಸ್ ಹೊಲಿಯೋಕೆ ಕೂತಿದ್ದೀನಿ, ಮಿಷನ್ ತುಳೀತಾ ಇದೇ ಯೋಚನೆ. ಗಂಡನಿಗೆ ಮೋಸ ಮಾಡ್ತಿದ್ದೀನಾ ನಾನು? ಹೇಳೋದಾದ್ರೆ ಹೇಗೆ ಹೇಳ್ಲಿ?"

ನೋಡಮ್ಮ, ವಯಸ್ಸಲ್ಲಿ ಮಗಳ ಥರ ಆಗ್ತೀಯ, ಏಕವಚನದಲ್ಲೇ ಮಾತಾಡ್ತೀನಿ. ಮೋಸ ಅಲ್ಲ. ನಾನು ಬ್ಯಾಂಕಲ್ಲಿ ಕ್ಯಾಶ್ ಕೌಂಟರಲ್ಲಿ ಕೂತೋಳು, 2016ರ ನವೆಂಬರ್ 8ರ ರಾತ್ರಿ ಐನೂರು ಸಾವಿರದ ನೋಟು ನಡೆಯಲ್ಲ ಅಂದಾಗ ನಮ್ಮ ಕಡೆ ಎಷ್ಟು ಮನೆಗಳ ಸಾಸಿವೆ ಡಬ್ಬಿ ಗುಟ್ಟು ರಟ್ಟಾಯ್ತು ಅಂತ ಕಣ್ಣಾರೆ ನೋಡಿದ್ದೀನಿ. ಸೀರೆ ಮಡಿಕೆ ಗುರುತು ಬಿದ್ದಿರೋ ನೋಟು, ಅರಿಶಿನ ಮೆತ್ಕೊಂಡಿರೋ ನೋಟು ತಂದು ಕೊಟ್ಟು, ಪಕ್ಕದೋರಿಗೆ ಕೇಳಿಸದ ಹಾಗೆ "ಯಜಮಾನ್ರ ಫೋನಿಗೆ ಮೆಸೇಜ್ ಹೋಗಲ್ಲ ತಾನೇ ಮೇಡಂ" ಅಂತಿದ್ರು. ಅವರಲ್ಲಿ ಒಬ್ಬರನ್ನೂ ನಾನು ಮೋಸಗಾತಿ ಅಂದ್ಕೊಳ್ಳಲಿಲ್ಲ. ನೀನು ಕೂಡಿಟ್ಟಿದ್ದೂ ತಪ್ಪಲ್ಲ, 40 ಸಾವಿರ ಹೋದ ಮನೇಲಿ ಯಾರಾದ್ರೂ ಒಬ್ರು ಹುಷಾರಾಗ್ಲೇಬೇಕಿತ್ತು, ನೀನಾದೆ.

ಆದ್ರೆ ಇಷ್ಟು ದಿನ ಸುಮ್ನಿದ್ದಿದ್ದಕ್ಕೂ ಇವತ್ತು ಸುಮ್ನಿರೋದಕ್ಕೂ ವ್ಯತ್ಯಾಸ ಇದೆ. ಆ ಲೋನ್ ಲೆಕ್ಕ ಹಾಕ್ದೆ, 5 ಲಕ್ಷಕ್ಕೆ 14 ಪರ್ಸೆಂಟು ಐದು ವರ್ಷ ಅಂದ್ರೆ ತಿಂಗಳ ಕಂತು 11,630 ಚಿಲ್ಲರೆ ಬರತ್ತೆ, ಒಟ್ಟು ಕಟ್ಟೋದು ಹೆಚ್ಚೂಕಮ್ಮಿ 7 ಲಕ್ಷ, ಅಂದ್ರೆ ಬಡ್ಡಿ ಒಂದೇ 2 ಲಕ್ಷದ ಹತ್ರ. 31 ಸಾವಿರದಲ್ಲಿ ಬಾಡಿಗೆ 8,500, ಕಂತು 11,630 ಹೋದ್ರೆ ಇನ್ನು ಉಳಿಯೋದು ಹನ್ನೊಂದು ಸಾವಿರ, ಅದರಲ್ಲಿ ರೇಷನ್ನು ಗ್ಯಾಸು ಸ್ಕೂಲ್ ಫೀಸು ಎಲ್ಲಾ ಆಗಬೇಕು. ಒಂದು ಮಧ್ಯಾಹ್ನ ತಿಂದ ಊಟದ ಕೊನೇ ಕಂತು ಕಟ್ಟೋ ಹೊತ್ತಿಗೆ ನಿನ್ನ ಮಗಳು ಒಂಬತ್ತನೇ ಕ್ಲಾಸಲ್ಲಿರ್ತಾಳೆ. ನೀನು ನಾಲ್ಕು ವರ್ಷ ಒದ್ದಾಡಿ ಉಳಿಸಿದ್ದರಲ್ಲಿ ಹೆಚ್ಚಿನ ಪಾಲು ಆ ಬಡ್ಡಿ ರೂಪದಲ್ಲೇ ಹೋಗತ್ತೆ, ಗುಟ್ಟು ಮಾತ್ರ ಭದ್ರವಾಗಿರತ್ತೆ. ಏನ್ ಬಂತು? ಅದಕ್ಕೇ ಅವರು ಫೋನಲ್ಲಿ ಆ ಲೋನಿನ ಬಟನ್ ಒತ್ತೋಕೆ ಮುಂಚೆ ಹೇಳು. (ನಿನ್ನ ಯಜಮಾನ್ರು ಕುಡಿಯೋರೋ, ಕೈ ಮಾಡೋರೋ ಆಗಿದ್ರೆ ನನ್ನ ಉತ್ತರ ಬೇರೆ ಇರ್ತಿತ್ತು, ಬಾಯಿ ಬಿಡ್ಬೇಡ ಅಂತಿದ್ದೆ. ನಿನ್ನ ಪತ್ರದಲ್ಲಿ ಕಾಣೋದು ಯಾರಿಗೂ ಇಲ್ಲ ಅನ್ನೋಕೆ ಬರದ ಗಂಡಸು, ಅಷ್ಟೇ.)

ಇನ್ನೊಂದು ಹೇಳ್ತೀನಿ, ನನ್ನದೇ ಕಥೆ, ಹೇಳ್ಕೊಳ್ಳೋಕೆ ನಾಚಿಕೆ. ಬ್ಯಾಂಕಲ್ಲಿ ಕೂತು ಊರೋರಿಗೆಲ್ಲಾ ಎಫ್‌ಡಿ ಮಾಡಿಸ್ತಿದ್ದ ನಾನು, ಮನೆಯವ್ರಿಗೆ ಗೊತ್ತಿಲ್ಲದ ಹಾಗೆ ಹಿಂದಿನ ಬೀದಿಯೋರ ಹತ್ರ ಚೀಟಿ ಹಾಕಿದ್ದೆ, ಬ್ಯಾಂಕಲ್ಲಿಟ್ರೆ ಪಾಸ್‌ಬುಕ್ ಕಣ್ಣಿಗೆ ಬೀಳತ್ತಲ್ಲ ಅಂತ. ಒಂದು ಶುಕ್ರವಾರ ಆ ಮನೆಗೆ ಬೀಗ. 38 ಸಾವಿರ, ಆಗಿನ ಕಾಲಕ್ಕೆ. ಉಳಿದೋರೆಲ್ಲಾ ಬೀದೀಲಿ ನಿಂತು ಬಾಯ್ ಬಡ್ಕೊಂಡ್ರು, ಸ್ಟೇಷನ್ನಿಗೆ ಹೋದ್ರು, ನಾನು ಹೋಗೋ ಹಾಗಿರ್ಲಿಲ್ಲ. ಬಚ್ಚಲಮನೇಲಿ ನಲ್ಲಿ ಬಿಟ್ಕೊಂಡು ಅತ್ಬಿಟ್ಟೆ. ಈ ಗುಟ್ಟಿನ ದುಡ್ಡಿನ ಹಣೆಬರಹ ಇದೇ ಕಣಮ್ಮ, ಕಳ್ಕೊಂಡ್ರೆ ಅಳೋದೂ ಗುಟ್ಟಾಗೇ. ಚೀಟಿ ನಡೆಸೋಕೆ 1982ರ ಕಾನೂನಿದೆ, ನೋಂದಣಿ ಮಾಡಿಸ್ಬೇಕು, ನಡೆಸೋರ ಕಮಿಷನ್ 7 ಪರ್ಸೆಂಟ್ ದಾಟೋ ಹಾಗಿಲ್ಲ, ಸರ್ಕಾರದ ಎಂಎಸ್‌ಐಎಲ್‌ನೋರೇ ಚೀಟಿ ನಡೆಸ್ತಾರೆ. ನಿನ್ನ ಬೀದಿ ಚೀಟೀಲಿ ನಿನ್ನ ಹತ್ರ ಇರೋ ದಾಖಲೆ ಏನು, ಒಂದು ಚಿಕ್ಕ ನೋಟ್‌ಬುಕ್ಕು ತಾನೇ? 15 ತಿಂಗಳು ಆಗಿದೆ, ಕೊನೇ ಐದಾರು ತಿಂಗಳಲ್ಲಿ ಕೂಗು, ಅಂದ್ರೆ ಚೀಟಿ ಹರಾಜು, ಅಷ್ಟು ಜೋರಿರಲ್ಲ, ಹೆಚ್ಚು ಕಳ್ಕೊಳ್ಳದೆ ಸಿಗತ್ತೆ, ಈ ತಿಂಗಳೇ ಕೂಗಿ ಎತ್ಕೊ. ಎತ್ಕೊಂಡ ಮೇಲೆ ಉಳಿದ ಕಂತು ತಪ್ಪದೆ ಕಟ್ಟು, ಅದು ಬೇರೆ ಮಾತು.

ಈಗ ಅತ್ತೆ ವಿಷಯ. ನೀನು ಪತ್ರದಲ್ಲಿ "ದುಂದು ವೆಚ್ಚ" ಅಂತ ಬರ್ದಿದ್ದೀಯ, ನಾನು ಒಪ್ಪಲ್ಲ. ನಿಮ್ಮತ್ತೆ ಮೂವತ್ತು ನಲವತ್ತು ವರ್ಷದಿಂದ ಆ 1,200 ಜನರ ಮನೇಲಿ ಉಂಡಿದ್ದಾರೆ, ಮುಯ್ಯಿ ಹಾಕಿದ್ದಾರೆ. "ಎಲ್ಲಾರ್ ಮನೇಲೂ ಉಂಡ್‌ಬಂದು ನಮ್ಮನೇಲಿ ಬಾಗ್ಲಾಕಂಡ್ರೆ ಏನಂದಾರು ಕನವ್ವ" ಅಂದ್ರೆ ಅದರಲ್ಲಿ ನ್ಯಾಯ ಇದೆ. ಮುಯ್ಯಿ ಅಂದ್ರೆ ಏನು, ನಮ್ಮ ಅಜ್ಜಿಯಂದಿರ ಚೀಟಿ ಅದು, ನಿಮ್ಮನೆ ಮದುವೆಗೆ ನಾನು, ನಮ್ಮನೆ ಮದುವೆಗೆ ನೀನು. ಊರಿನ ಮನೇಲಿ ಮುಯ್ಯಿ ಪುಸ್ತಕ ಇರ್ಲೇಬೇಕು, ಹಳೇ ಟ್ರಂಕಲ್ಲೋ ದೇವರ ಗೂಡಲ್ಲೋ ನೋಡಿ, ನಿಮ್ಮ ಮದುವೆಗೆ ಯಾರ್ಯಾರು 101 ಹಾಕಿದ್ರು, ಯಾರು 501 ಹಾಕಿದ್ರು ಅಂತ ಬರ್ದಿರತ್ತೆ. ಅದನ್ನ ಅತ್ತೆ ಹತ್ರ ಕೂತು ಓದಿಸ್ಕೊ. ಆ ಪುಸ್ತಕದಲ್ಲಿ ಇರೋರನ್ನೆಲ್ಲಾ ಕರೀರಿ, ಇಲ್ಲದೋರನ್ನ, ಬರೀ ಎಲೆಕ್ಷನ್ ಪರಿಚಯ, ಫೇಸ್‌ಬುಕ್ ಪರಿಚಯ ಅನ್ನೋರನ್ನ ಬಿಡಿ. 1,200 ಎಷ್ಟಕ್ಕೆ ಇಳಿಯತ್ತೆ ನೋಡು. ಮತ್ತೆ ಆ ದಿನ ಬೀಳೋ ಮುಯ್ಯಿ ದುಡ್ಡನ್ನ ಆದಾಯ ಅಂದ್ಕೊಳ್ಳೋ ಹಾಗಿಲ್ಲ, ಅದು ಒಂದೊಂದೇ ವಾಪಸ್ ಹಾಕ್ಬೇಕಾದ ಸಾಲ, ಆದ್ರೆ ಬಡ್ಡಿ ಇಲ್ಲದ ಸಾಲ, ಅಡಿಗೆಯವ್ರ ಬಾಕಿಗೆ ಅದು ಆಗತ್ತೆ.

ಜನ ಕಮ್ಮಿ ಆದ್ಮೇಲೆ ಐಟಂ ಕಮ್ಮಿ ಮಾಡಿ, ಮಾಂಸದಲ್ಲಲ್ಲ. ಮಂಡ್ಯದೋರಿಗೆ ಬೀಗರೂಟದಲ್ಲಿ ಎಲೆ ಮೇಲೆ ತುಂಡು ಕಮ್ಮಿ ಬಿದ್ರೆ ಮೊಮ್ಮಕ್ಕಳ ಕಾಲದ ತನಕ ಹೇಳ್ತಾರೆ! ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮ ಉಂಡೆ, ಅನ್ನ, ತಿಳಿಸಾರು ಸಾಕು. ಬನ್ನೂರು ಕುರೀನೇ ಆಗ್ಬೇಕು ಅಂತ ಯಾರಾದ್ರೂ ಚಿಕ್ಕಪ್ಪ ಹಠ ಹಿಡಿದ್ರೆ ಅವರಿಗೇ ತಂದ್ಕೊಡೋಕೆ ಹೇಳಿ. ಐಸ್‌ಕ್ರೀಮ್ ಕೌಂಟರು, ಡ್ರೋನು, ಮೇನ್ ರೋಡಿಂದ ಮನೆ ತನಕ ಫ್ಲೆಕ್ಸು, ಇವೆಲ್ಲಾ ಯಾರಿಗೆ ಜ್ಞಾಪಕ ಇರತ್ತೆ ಹೇಳು.

ಅಂದ್ಹಾಗೆ ಇಷ್ಟುದ್ದ ಪತ್ರ ಎರಡು ಸಲ ಓದಿದೆ, ಮದುವೆ ಆಗ್ತಿರೋ ಹುಡುಗ ಎಷ್ಟು ಹಾಕ್ತಿದ್ದಾನೆ ಅಂತ ಎಲ್ಲೂ ಇಲ್ಲ. ಕೆಲಸ ಇಲ್ವಾ ಅವನಿಗೆ? ಇದನ್ನ ನೀನು ಕೇಳ್ಬೇಡ, ಅತ್ತಿಗೆ ಕೇಳಿದ್ಲು ಅಂತ ರಂಪ ಆಗತ್ತೆ, ಅಣ್ಣ ಕೇಳ್ಲಿ.

ಈಗ ನಿನ್ನ ದುಡ್ಡು. ಆರ್‌ಡಿ ಮುರೀಬೇಡ. ಐದು ವರ್ಷದ್ದು, ನಾಲ್ಕು ಆಗಿದೆ, ಈಗ ಮುರಿದ್ರೆ ಉಳಿತಾಯ ಖಾತೆ ಬಡ್ಡಿ ಅಷ್ಟೇ ಕೊಡ್ತಾರೆ, ಇನ್ನೊಂದು ವರ್ಷ ತಡೆದ್ರೆ ಎರಡು ಲಕ್ಷ ದಾಟತ್ತೆ, ಅದು ಭೋಗ್ಯದ ಮನೆಗೆ, ಅದನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತ ಮೊದಲೇ ಹೇಳ್ಬಿಡು. ತೀರಾ ಕೈ ಕಟ್ಟಿದ್ರೆ ಆರ್‌ಡಿ ಮೇಲೇ ಅರ್ಧದ ತನಕ, ಅಂದ್ರೆ 80 ಸಾವಿರದ ತನಕ ಸಾಲ ಕೊಡ್ತಾರೆ, ಬಡ್ಡಿ ಆರ್‌ಡಿಗೆ ಬರೋದಕ್ಕಿಂತ 2 ಪರ್ಸೆಂಟ್ ಮೇಲೆ, 14ರ ಹತ್ರಕ್ಕೂ ಬರಲ್ಲ. ಚೀಟಿ ದುಡ್ಡು, ಮನೇಲಿರೋ ಕ್ಯಾಶು ಎರಡರಲ್ಲಿ ಒಂದು ಲಕ್ಷ ಮೈದನ ಮದುವೆಗೆ ಅಂತ ನೀನಾಗೇ ತೆಗೆದು ಕೊಡು, ಕೇಳಿಸ್ಕೊಂಡು ಕೊಟ್ರೆ ಬೆಲೆ ಇರಲ್ಲ. ಯಜಮಾನ್ರಿಗೆ ಯಾರಾದ್ರೂ ಪಿಎಫ್ ತೆಗಿ, ತಮ್ಮನ ಮದುವೆಗೂ ಕೊಡ್ತಾರೆ ಅಂತ ಹೇಳ್ತಾರೆ, ಕೊಡ್ತಾರೆ ನಿಜ, ಆದ್ರೆ ಮುದುಕರಾದಾಗ ತಮ್ಮ ಬರಲ್ಲ. ಊರಲ್ಲಿ ಮೂರು ರೂಪಾಯಿ ಬಡ್ಡಿಗಂತೂ ಹೋಗ್ಲೇಬೇಡಿ, ಅದು ವರ್ಷಕ್ಕೆ 36 ಪರ್ಸೆಂಟು.

ಹೇಳೋದು ಹೇಗೆ ಅಂತ ಕೇಳಿದ್ದೀಯ. ಅತ್ತೆ ಎದುರಲ್ಲಿ ಬೇಡ, ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದಾಗ ಬೇಡ. ವಾರದ ರಜಾ ದಿನ ತಿಂಡಿ ಆದ್ಮೇಲೆ ಆರ್‌ಡಿ ಪಾಸ್‌ಬುಕ್ಕು, ಚೀಟಿ ನೋಟ್‌ಬುಕ್ಕು ಎರಡೂ ಮುಂದೆ ಇಡು. ಮೊದಲ ಮಾತು "ನನ್ನ ಮೇಲೆ ನಂಬಿಕೆ ಇರ್ಲಿಲ್ವಾ" ಅಂತಾನೇ ಬರತ್ತೆ. ಸುಳ್ಳು ಹೇಳ್ಬೇಡ. "ಆ 40 ಸಾವಿರ ಹೋದಾಗ ಹೆದರ್ಕೊಂಡೆ" ಅನ್ನು, ಅಷ್ಟೇ ಸಾಕು. ಎರಡು ದಿನ ಮಾತು ಬಿಡಬಹುದು, ಬಿಡ್ಲಿ. ಮೂರನೇ ದಿನ ಬಾಡಿಗೆ ಲೆಕ್ಕ ಹೇಳು, ವರ್ಷಕ್ಕೆ 1,02,000 ಬಾಡಿಗೇನೇ ಹೋಗ್ತಿದೆ ಅಂತ. ಆರ್‌ಡಿಗೆ ನಾಮಿನಿ ಹಾಕಿದ್ದೀಯಾ? ಇಲ್ಲಾಂದ್ರೆ ಅವರ ಹೆಸರನ್ನೇ ಹಾಕು, ಸಿಟ್ಟು ಇಳಿಯೋಕೆ ಅದಕ್ಕಿಂತ ಒಳ್ಳೆ ಔಷಧಿ ನನಗೆ ಗೊತ್ತಿಲ್ಲ. ಅದೇ ದಿನ ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೇನೂ ತೆಗೆದುಬಿಡಿ, ಹತ್ತು ವರ್ಷ ತುಂಬಿದ್ರೆ ತೆಗೆಯೋಕೆ ಬರಲ್ಲ, ವರ್ಷಕ್ಕೆ 250 ಕಟ್ಟಿದ್ರೂ ಖಾತೆ ಉಳಿಯತ್ತೆ. ಇಬ್ರೂ ಒಟ್ಟಿಗೇ ಹೋಗಿ. ಮುಂದೆ ಭೋಗ್ಯದ ಮನೆ ನೋಡುವಾಗ ಒಂದು ವರ್ಷದ ಮೇಲಿನ ಕರಾರು ಆದ್ರೆ ರಿಜಿಸ್ಟರ್ ಮಾಡಿಸಿ, ಮನೆ ಮೇಲೆ ಬ್ಯಾಂಕ್ ಸಾಲ ಇದ್ಯಾ ಅಂತ ಇಸಿ, ಅಂದ್ರೆ ಋಣಭಾರ ಪತ್ರ, ತೆಗೆಸಿ ನೋಡಿ, ಅದನ್ನ ಇನ್ನೊಂದಿನ ಬರೀತೀನಿ.

ಮತ್ತೆ ಆ 14 ಬ್ಲೌಸು. ಲೈನಿಂಗ್ ಹಾಕಿ ಹೊಲಿದ್ರೆ ಹೊರಗಡೆಯೋರ ಹತ್ರ ಎಷ್ಟು ತಗೊಳ್ತೀಯ, 450? ಹಾಗಾದ್ರೆ 6,300 ಆಯ್ತು. ಮುಯ್ಯಿ ಪುಸ್ತಕದ ಹೊಸ ಪುಟದಲ್ಲಿ ಮೊದಲನೇ ಸಾಲಲ್ಲಿ ನಿನ್ನ ಹೆಸರು ಹಾಕಿ ಅದನ್ನ ಬರೆಸು.