ವಾರಕ್ಕೊಂದು ಡ್ರಿಪ್, ಆದರೂ ಹೋಗದ ಸುಸ್ತು

ಈ ಪ್ರಕರಣದ ಮಹಿಳೆಯನ್ನು ಇಲ್ಲಿ ಶಾಲಿನಿ ಎಂದು ಕರೆಯುತ್ತೇನೆ. ಹೆಸರು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆದುದನ್ನು ಅವರಿಗೆ ಓದಿಸಿ ಒಪ್ಪಿಗೆಯನ್ನೂ ಪಡೆದಿದ್ದೇನೆ. ವಯಸ್ಸು ನಲವತ್ತರ ಆಸುಪಾಸು, ಮಂಗಳೂರಿನ ಒಂದು ಕಚೇರಿಯಲ್ಲಿ ಕೌಂಟರಿನ ಕೆಲಸ, ಗಂಡ ಮಸ್ಕತ್ತಿನಲ್ಲಿ, ಮಗಳು ದ್ವಿತೀಯ ಪಿಯುಸಿ, ಮನೆಯಲ್ಲಿ ಪಾರ್ಶ್ವವಾಯುವಿನಿಂದ ಒಂದು ಬದಿಯ ಸ್ವಾಧೀನ ಕಳೆದುಕೊಂಡ ಅತ್ತೆ. ಅವರು ಆಪ್ತಸಲಹೆಗೆ ಬಂದದ್ದು ಸುಸ್ತಿನ ಕಾರಣಕ್ಕಲ್ಲ. ದುಡ್ಡಿನ ವಿಷಯದಲ್ಲಿ ಗಂಡನೊಂದಿಗೆ ಫೋನಿನಲ್ಲಿ ದೊಡ್ಡ ಜಗಳವಾಗಿ ಇಬ್ಬರ ನಡುವೆ ಮಾತು ನಿಂತುಹೋಗಿತ್ತು. ಮಗಳ ಮುಂದಿನ ಓದಿಗೆಂದು ತೆಗೆದಿರಿಸಿದ್ದ ಹಣದಲ್ಲಿ ದೊಡ್ಡ ಪಾಲು ಕರಗಿತ್ತು, ಎರಡು ಬಳೆಗಳು ಸೊಸೈಟಿಯಲ್ಲಿ ಅಡವಿದ್ದವು, ಮತ್ತು ಆ ಹಣವೆಲ್ಲ ನಗರದ ಒಂದು ವೆಲ್‌ನೆಸ್ ಕ್ಲಿನಿಕ್ಕಿನಲ್ಲಿ ವಾರಕ್ಕೊಮ್ಮೆ ಹಾಕಿಸಿಕೊಳ್ಳುತ್ತಿದ್ದ ವಿಟಮಿನ್ ಡ್ರಿಪ್ಪಿಗೆ ಹೋಗಿತ್ತು.

"ಮೇಡಂ, ನಾನು ಸೀರೆಗೋ ಬಂಗಾರಕ್ಕೋ ಖರ್ಚು ಮಾಡಿದವಳಲ್ಲ. ವಾರದಲ್ಲಿ ಒಂದೆರಡು ದಿನವಾದರೂ ಕಾಲಲ್ಲಿ ಬಲ ಇರಲಿ ಎಂದು ಮಾಡಿದ್ದು," ಎಂದು ಅವರು ಮೊದಲ ಭೇಟಿಯಲ್ಲಿ ಹೇಳಿದರು. ಈ ಮಾತನ್ನು ನಾನು ಅಕ್ಷರಶಃ ನಂಬಿದೆ, ಮುಂದಿನ ಮಾತುಕತೆಯನ್ನೆಲ್ಲ ಅದರ ಮೇಲೆಯೇ ಕಟ್ಟಿದೆ. ಡ್ರಿಪ್ ಹಾಕಿಸಿಕೊಂಡವರನ್ನು ಮೋಸಹೋದವರೆಂದು ಮಾತನಾಡಿಸಿದರೆ ಅವರು ಎರಡನೇ ಸಲ ಬರುವುದಿಲ್ಲ. ಬಂದರೂ ನಿಜ ಹೇಳುವುದಿಲ್ಲ. ಶಾಲಿನಿಯವರ ಸುಸ್ತು ಸುಳ್ಳಲ್ಲ, ಡ್ರಿಪ್ಪಿನ ಮರುದಿನ ಅವರಿಗೆ ಸಿಗುತ್ತಿದ್ದ ಹಗುರವೂ ಸುಳ್ಳಲ್ಲ. ಆ ಹಗುರ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಮಾತ್ರ ನಾವು ಒಟ್ಟಿಗೆ ಕುಳಿತು ಹುಡುಕಬೇಕಾಗಿತ್ತು.

ಕರಾವಳಿಯ ಮನೆಗಳಲ್ಲಿ ಬಾಟಲಿಯ ಮೇಲಿರುವ ನಂಬಿಕೆ ಹಳೆಯದು. ಜ್ವರ ಬಿಟ್ಟ ಮೇಲೆ ಸೊರಗಿದವರಿಗೆ "ಒಂದು ಗ್ಲೂಕೋಸ್ ಹಾಕಿಸಿ ಬಿಡಿ" ಎಂದು ಹಿರಿಯರು ಹೇಳುವುದನ್ನು ಇಲ್ಲಿ ಬೆಳೆದವರೆಲ್ಲ ಕೇಳಿದ್ದಾರೆ. ಶಾಲಿನಿಯವರ ತಂದೆಗೂ ಕಾಮಾಲೆಯಾದಾಗ ಹಾಗೆಯೇ ಹಾಕಿಸಿದ್ದರಂತೆ, ಮರುದಿನ ಅವರು ಎದ್ದು ಕುಳಿತದ್ದು ಬಾಲ್ಯದ ದೊಡ್ಡ ನೆನಪಾಗಿ ಉಳಿದಿತ್ತು. ವಾಂತಿ ಭೇದಿಯಲ್ಲಿ ನೀರಿನಂಶ ಕಳೆದುಕೊಂಡವರಿಗೆ, ಬಾಯಿಯಲ್ಲಿ ಏನೂ ನಿಲ್ಲದವರಿಗೆ ಈ ಬಾಟಲಿ ನಿಜವಾಗಿ ಜೀವ ಉಳಿಸುತ್ತದೆ. ಆದರೆ ಶೇಕಡಾ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ ಮಾತ್ರ. ಅದರಿಂದ ಸಿಗುವ ಶಕ್ತಿ ಸುಮಾರು 85 ಕ್ಯಾಲೊರಿ. ಉಂಡು ತಿಂದು ಓಡಾಡುವ ವ್ಯಕ್ತಿಗೆ ಅದು ಒಂದು ಹೊತ್ತಿನ ಊಟಕ್ಕೂ ಸಮವಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದರು.

ಅವರು ಹಾಕಿಸಿಕೊಳ್ಳುತ್ತಿದ್ದ ಮಿಶ್ರಣದಲ್ಲಿ ವಿಟಮಿನ್ ಸಿ, ಬಿ ಗುಂಪಿನ ವಿಟಮಿನ್‌ಗಳು, ಬಿ12, ಮೆಗ್ನೀಸಿಯಂ ಮತ್ತು ಗ್ಲುಟಾಥಯೋನ್ ಇದ್ದವು. ಇಂಥ ಮಿಶ್ರಣದ ಮೂಲ ಅಮೆರಿಕದ ಬಾಲ್ಟಿಮೋರಿನ ವೈದ್ಯ ಜಾನ್ ಮೈಯರ್ಸ್ ಅವರಲ್ಲಿದೆ. 1984ರಲ್ಲಿ ಅವರು ತೀರಿಕೊಂಡ ಮೇಲೆ ಅವರ ರೋಗಿಗಳನ್ನು ನೋಡಿಕೊಂಡ ಅಲನ್ ಗೇಬಿ ಎಂಬ ವೈದ್ಯರು 2002ರಲ್ಲಿ ತಮ್ಮ ಅನುಭವವನ್ನು ಬರೆದು ಪ್ರಕಟಿಸಿದರು, ಅಲ್ಲಿಂದ 'ಮೈಯರ್ಸ್ ಕಾಕ್‌ಟೇಲ್' ಎಂಬ ಹೆಸರು ಹರಡಿತು. ಮೈಕೈ ನೋವಿನ ಫೈಬ್ರೊಮಯಾಲ್ಜಿಯಾ ಇರುವ 34 ಜನರ ಮೇಲೆ ಇದನ್ನು ಬರೀ ಲವಣದ ದ್ರವದೊಂದಿಗೆ ಹೋಲಿಸಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ವಿಟಮಿನ್ ಹೋದವರಿಗೂ ಸಮಾಧಾನ ಸಿಕ್ಕಿತು, ಬರೀ ದ್ರವ ಹೋದವರಿಗೂ ಸಿಕ್ಕಿತು. ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ನಿಲ್ಲುವ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನವಾದರೂ ಶಾಲಿನಿಯವರೊಂದಿಗೆ ನಡೆದ ಮಾತುಕತೆಯಲ್ಲಿ ಇದು ನನಗೆ ತುಂಬ ಉಪಯೋಗಕ್ಕೆ ಬಂತು, ಏಕೆಂದರೆ ಸಮಾಧಾನ ನಿಜವಿದ್ದೂ ಅದಕ್ಕೆ ವಿಟಮಿನ್ ಕಾರಣವಾಗಿರದೆ ಇರಬಹುದು ಎಂಬುದನ್ನು ಯಾರ ಮನಸ್ಸೂ ನೋಯದಂತೆ ಅದು ತಿಳಿಸುತ್ತದೆ.

ಡ್ರಿಪ್ಪಿನ ದಿನ ಮೂತ್ರ ಗಾಢ ಹಳದಿಯಾಗುವುದನ್ನು ಅವರು ವಿಷ ಹೊರಹೋಗುವ ಗುರುತು ಎಂದು ತಿಳಿದಿದ್ದರು. ಕ್ಲಿನಿಕ್ಕಿನಲ್ಲೂ ಹಾಗೆಯೇ ಹೇಳಿದ್ದರಂತೆ. ಅದು ವಿಟಮಿನ್ ಬಿ2ರ ಬಣ್ಣ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಹೋದ ಬಿ ಗುಂಪಿನ ವಿಟಮಿನ್‌ಗಳನ್ನೂ ವಿಟಮಿನ್ ಸಿಯನ್ನೂ ಮೂತ್ರಪಿಂಡ ಹೆಚ್ಚು ತಡಮಾಡದೆ ಹೊರಗೆ ಹಾಕುತ್ತದೆ, ಮತ್ತು ಅವರು ಹಣ ಕೊಟ್ಟು ಪಡೆದುದರಲ್ಲಿ ಗಣನೀಯ ಭಾಗ ಆ ದಾರಿಯಲ್ಲೇ ಹೋಗುತ್ತಿತ್ತು.

ಎರಡನೇ ಭೇಟಿಯ ಹೊತ್ತಿಗೆ ಅವರಿಗೆ ಒಂದು ಸಣ್ಣ ಕೆಲಸ ಕೊಟ್ಟಿದ್ದೆ. ದಿನಕ್ಕೆ ಮೂರು ಹೊತ್ತು ಸುಸ್ತು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರ ಒಳಗೆ ಅಂಕ ಬರೆಯುವುದು, ಜೊತೆಗೆ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ಒಂದು ಸಾಲು ಬರೆಯುವುದು. ಆ ಪುಸ್ತಕ ಬಹಳ ಸಂಗತಿಗಳನ್ನು ಹೇಳಿತು. ಬೆಳಿಗ್ಗೆ ಐದಕ್ಕೆ ಎದ್ದು ಅತ್ತೆಯನ್ನು ಶುಚಿ ಮಾಡಿಸಿ, ಗಂಜಿ ಮಾಡಿ, ಮಗಳಿಗೆ ಬುತ್ತಿ ಕಟ್ಟಿ ಬಸ್ಸು ಹಿಡಿಯುವ ಹೊತ್ತಿಗೆ ಅಂಕ ಆರಕ್ಕೆ ಏರಿರುತ್ತಿತ್ತು. ಕಚೇರಿಯಿಂದ ಮರಳಿದರೆ ಮುಸ್ಸಂಜೆ. ದೀಪ ಹಚ್ಚುವ ಹೊತ್ತಿನಲ್ಲಿ ಹೆಂಗಸರು ಮಲಗಬಾರದೆಂಬುದು ಆ ಮನೆಯ ಕಟ್ಟುನಿಟ್ಟಿನ ನಡವಳಿಕೆ. ರಾತ್ರಿ ಅತ್ತೆಯನ್ನು ಮಗ್ಗುಲು ಬದಲಿಸಲು ಎರಡು ಸಲ ಏಳಬೇಕಿತ್ತು. ಇಡೀ ವಾರದಲ್ಲಿ ಅವರು ಹಗಲಿನಲ್ಲಿ ಬೆನ್ನು ನೆಲಕ್ಕೆ ತಾಗಿಸಿದ್ದು ಒಂದೇ ಕಡೆ, ಆ ಕ್ಲಿನಿಕ್ಕಿನ ಒರಗುಕುರ್ಚಿಯಲ್ಲಿ. ಅಲ್ಲಿ ಎ.ಸಿ. ಇತ್ತು, ಫೋನ್ ಬಂದ್ ಮಾಡಿಸುತ್ತಿದ್ದರು, ಸಿಸ್ಟರ್ ಒಬ್ಬರು ಹೊದಿಕೆ ಹೊದಿಸಿ "ಈಗ ಹೇಗಿದ್ದೀರಿ ಅಕ್ಕಾ" ಎಂದು ಕೇಳುತ್ತಿದ್ದರು. ಮುಕ್ಕಾಲು ಗಂಟೆ ಯಾರೂ ಅವರನ್ನು ಏಳಿಸುತ್ತಿರಲಿಲ್ಲ. ಈ ಸಾಲುಗಳನ್ನು ನನಗೆ ಓದಿ ಹೇಳುವಾಗ ಶಾಲಿನಿಯವರೇ ನಿಲ್ಲಿಸಿ, "ನನಗೆ ಬೇಕಾಗಿದ್ದದ್ದು ಇದೇ ಏನೋ," ಎಂದರು.

ಅದು ಅರ್ಧ ಸತ್ಯವೆಂದು ನನಗೆ ಅನ್ನಿಸಿತ್ತು. ಸುಸ್ತು ಎಂದಾಗ ಮನಸ್ಸಿನ ಕಡೆಗೆ ಮಾತ್ರ ನೋಡುವುದು ಆಪ್ತಸಮಾಲೋಚಕರಿಗೆ ಸುಲಭದ ದಾರಿ, ಮತ್ತು ಹೆಂಗಸರ ವಿಷಯದಲ್ಲಿ ಆ ದಾರಿ ಅಪಾಯದ್ದೂ ಹೌದು. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅವರ ಅಂಕ ಮಧ್ಯಮ ಮಟ್ಟದ ಖಿನ್ನತೆಯ ವ್ಯಾಪ್ತಿಯಲ್ಲಿ ಬಂದಿತ್ತು. ಜೀವ ಕಳೆದುಕೊಳ್ಳುವ ಯೋಚನೆ ಇರಲಿಲ್ಲ. ಆದರೆ ಆ ಒಂಬತ್ತು ಪ್ರಶ್ನೆಗಳಲ್ಲಿ ನಿದ್ದೆ, ದಣಿವು, ಹಸಿವು, ಏಕಾಗ್ರತೆ ಇವೆಲ್ಲ ದೇಹದ ಕಾಯಿಲೆಯಿಂದಲೂ ಕೆಡುವಂಥವು. ಆದುದರಿಂದ ಅಂಕವನ್ನು ಅಲ್ಲಿಗೇ ಬಿಟ್ಟು ದೇಹದ ಬಗ್ಗೆ ಕೇಳಿದೆ. ಮೆಟ್ಟಿಲು ಹತ್ತಿದರೆ ಎದೆ ಬಡಿದುಕೊಳ್ಳುತ್ತದೆಯೇ, ಕೂದಲು ಉದುರುತ್ತಿದೆಯೇ, ತಿಂಗಳ ಮುಟ್ಟು ಹೇಗಿದೆ ಎಂದು ಕೇಳಿದಾಗ ಸಿಕ್ಕಿದ ಉತ್ತರ ಈ ಪ್ರಕರಣದ ದಿಕ್ಕನ್ನೇ ಬದಲಿಸಿತು. ಎಂಟು ಒಂಬತ್ತು ದಿನ ರಕ್ತ ಹೋಗುತ್ತಿತ್ತು, ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿತ್ತು, ಗಡ್ಡೆಗಳೂ ಬೀಳುತ್ತಿದ್ದವು. ತಾಯಿಗೂ ಅಕ್ಕನಿಗೂ ಹಾಗೆಯೇ ಇದ್ದುದರಿಂದ ಇದನ್ನು ಕಾಯಿಲೆಯೆಂದು ಅವರು ಎಣಿಸಿಯೇ ಇರಲಿಲ್ಲ. ತಿಂಗಳುಗಟ್ಟಲೆ ಸೂಜಿ ಚುಚ್ಚಿದ ಕ್ಲಿನಿಕ್ಕಿನಲ್ಲಿ ಒಂದು ಫಾರಂ ತುಂಬಿಸಿಕೊಂಡದ್ದು ಬಿಟ್ಟರೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಈ ಅಲಕ್ಷ್ಯ ನನ್ನನ್ನು ಇಂದಿಗೂ ಬಾಧಿಸುತ್ತದೆ.

ಇನ್ನೊಂದು ಸಂಗತಿ ಹೆಚ್ಚು ಆತಂಕದ್ದು. ಎರಡು ವರ್ಷಗಳ ಹಿಂದೆ ಅವರಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ರಕ್ತನಾಳದ ಮೂಲಕ ದೊಡ್ಡ ಪ್ರಮಾಣದಲ್ಲಿ ಹೋದ ವಿಟಮಿನ್ ಸಿ ದೇಹದಲ್ಲಿ ಒಡೆದಾಗ ಆಕ್ಸಲೇಟ್ ಉಂಟಾಗುತ್ತದೆ, ಕಲ್ಲಿನ ಇತಿಹಾಸವಿರುವವರಿಗೆ ಮತ್ತು ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದು ತೊಂದರೆಯ ವಸ್ತು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇರುವವರಲ್ಲಿ ಹೆಚ್ಚು ಪ್ರಮಾಣದ ವಿಟಮಿನ್ ಸಿ ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಮೆಗ್ನೀಸಿಯಂ ವೇಗವಾಗಿ ಹೋದರೆ ರಕ್ತದೊತ್ತಡ ಇಳಿಯುತ್ತದೆ. ಸೂಜಿ ಚುಚ್ಚಿದ ಜಾಗದಲ್ಲಿ ಸೋಂಕು, ನಾಳದ ಊತ, ಅಪರೂಪಕ್ಕೆ ತೀವ್ರ ಅಲರ್ಜಿ ಇವು ಯಾವ ಡ್ರಿಪ್ಪಿಗೂ ತಪ್ಪಿದ್ದಲ್ಲ. ಚರ್ಮ ತಿಳಿಯಾಗುತ್ತದೆಂದು ಸೇರಿಸುವ ಗ್ಲುಟಾಥಯೋನ್ ಇಂಜೆಕ್ಷನ್ನಿನ ಬಗ್ಗೆ ಫಿಲಿಪ್ಪೀನ್ಸ್ ದೇಶದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಜನರನ್ನು ಎಚ್ಚರಿಸಿತ್ತು. ನಾನು ವೈದ್ಯೆಯಲ್ಲ, ಔಷಧ ನಿಲ್ಲಿಸಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಕಲ್ಲಿನ ವಿಷಯ ತಿಳಿದ ಮೇಲೆ, ವೈದ್ಯರನ್ನು ಕಾಣುವವರೆಗೆ ಮುಂದಿನ ಡ್ರಿಪ್ಪಿಗೆ ಹೋಗಬೇಡಿ ಎಂದು ಸ್ಪಷ್ಟವಾಗಿ ಕೇಳಿಕೊಂಡೆ, ಮತ್ತು ಅವರ ಮನೆಯ ಹತ್ತಿರದ ವೈದ್ಯರಿಗೆ ಅವರ ಒಪ್ಪಿಗೆಯಿಂದ ಒಂದು ಪತ್ರ ಬರೆದುಕೊಟ್ಟೆ.

ವೈದ್ಯರು ಮಾಡಿಸಿದ ರಕ್ತಪರೀಕ್ಷೆಯ ವರದಿ ಬಂದಾಗ ಹಿಮೋಗ್ಲೋಬಿನ್ 9.1 ಇತ್ತು. ಗರ್ಭಿಣಿಯಲ್ಲದ ಹೆಂಗಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಮಟ್ಟ 12. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ 6ಕ್ಕೆ ಇಳಿದಿತ್ತು. 15ಕ್ಕಿಂತ ಕಡಿಮೆಯಾದರೆ ಕೊರತೆ ಖಚಿತ. ಥೈರಾಯ್ಡ್ ಸರಿಯಿತ್ತು, ಬಿ12 ಕೂಡ ಸಾಕಷ್ಟಿತ್ತು. ಅವರು ಹಾಕಿಸಿಕೊಂಡ ಬಾಟಲಿಗಳಲ್ಲಿ ಇಲ್ಲದೇ ಇದ್ದ ಒಂದು ವಸ್ತು ಕಬ್ಬಿಣ. ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆಯಲ್ಲವೇ ಎಂದು ಅವರು ಕೇಳಿದ್ದು ಜಾಣ ಪ್ರಶ್ನೆ. ನೆರವಾಗುತ್ತದೆ, ಆದರೆ ಅದು ನಡೆಯುವುದು ಕರುಳಿನಲ್ಲಿ, ಊಟದ ಕಬ್ಬಿಣದ ಜೊತೆಗೆ ಸೇರಿದಾಗ. ನಿಂಬೆಹಣ್ಣು ಹಿಂಡಿದ ಹರಿವೆ ಸೊಪ್ಪಿನ ಪಲ್ಯಕ್ಕೆ ಇರುವ ಆ ಗುಣ ನೇರವಾಗಿ ರಕ್ತನಾಳಕ್ಕೆ ಹೋದ ವಿಟಮಿನ್ ಸಿಗೆ ಬರುವುದಿಲ್ಲ.

ವೈದ್ಯರು ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳಲು ಬರೆದರು, ಹಿಮೋಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬಲು ಕೆಲವು ತಿಂಗಳು ಮುಂದುವರಿಸಬೇಕೆಂದರು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಎಂಬ, ಕ್ಯಾನ್ಸರ್ ಅಲ್ಲದ ಗಡ್ಡೆ ಕಂಡಿತು, ಸ್ತ್ರೀರೋಗ ತಜ್ಞರ ಬಳಿಗೆ ಕಳುಹಿಸಿದರು. ಮಾತ್ರೆ ಹೊಟ್ಟೆಗೆ ಒಗ್ಗದಿದ್ದರೆ ಕಬ್ಬಿಣವನ್ನೇ ರಕ್ತನಾಳದ ಮೂಲಕ ಕೊಡುವ ಮಾರ್ಗವಿದೆ ಎಂದು ವೈದ್ಯರು ಹೇಳಿದ್ದನ್ನು ಕೇಳಿ ಶಾಲಿನಿಯವರು ಗಲಿಬಿಲಿಗೊಂಡರು: "ಹಾಗಾದರೆ ಡ್ರಿಪ್ ತಪ್ಪಲ್ಲವಲ್ಲ?" ತಪ್ಪು ಡ್ರಿಪ್ಪಿನದ್ದಲ್ಲ. ಇಂಥ ಕೊರತೆ ಇದೆಯೆಂದು ಪರೀಕ್ಷೆಯಿಂದ ತಿಳಿದು, ಬಾಯಿಯಿಂದ ಕೊಡಲು ಆಗದೆ, ಆಸ್ಪತ್ರೆಯಲ್ಲಿ ನಿಗಾ ಇಟ್ಟು ಕೊಟ್ಟರೆ ಅದು ಚಿಕಿತ್ಸೆ. ಏನು ಕೊರತೆಯೆಂದು ತಿಳಿಯದೆ, ಎಲ್ಲರಿಗೂ ಒಂದೇ ಪ್ಯಾಕೇಜ್ ಮಾರುವುದು ಬೇರೆ. ಇಂಥ ಜಾಗಕ್ಕೆ ಹೋಗಬೇಕಾಗಿ ಬಂದರೆ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಇದೆಯೇ, ನೋಂದಾಯಿತ ವೈದ್ಯರು ನಿಜವಾಗಿ ಅಲ್ಲಿ ಕುಳಿತಿದ್ದಾರೆಯೇ, ಅಲರ್ಜಿಯಾದರೆ ಏನು ಸಿದ್ಧತೆ ಇದೆ ಎಂಬುದನ್ನು ಕೈಚಾಚುವ ಮೊದಲು ಕೇಳಿ ಎಂದು ಅವರಿಗೆ ಹೇಳಿದೆ.

ಊಟದ ಬಗ್ಗೆ ಮಾತು ಬಂದಾಗ ಇನ್ನೊಂದು ವಿವರ ಹೊರಬಿತ್ತು. ಅತ್ತೆಗೆ ನುಂಗಲು ಕಷ್ಟ, ಮುಳ್ಳಿನ ಭಯ ಬೇರೆ. ಹಾಗಾಗಿ ಮನೆಯಲ್ಲಿ ಮೀನು ಮಾಡುವುದೇ ನಿಂತಿತ್ತು, ಶಾಲಿನಿಯವರು ಎರಡು ಹೊತ್ತೂ ಅತ್ತೆಗೆ ಮಾಡಿದ ಗಂಜಿ, ಚಟ್ನಿಯಲ್ಲೇ ಮುಗಿಸಿ, ಮೇಲೆ ಒಂದು ಲೋಟ ಚಹಾ ಕುಡಿಯುತ್ತಿದ್ದರು. ಊಟದ ಜೊತೆಗಿನ ಚಹಾ ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಬೂತಾಯಿ, ಬಂಗುಡೆ, ಸಿಕ್ಕಿದಾಗ ಮರುವಾಯಿ, ಮೊಳಕೆ ಬರಿಸಿದ ಹೆಸರುಕಾಳು, ಇವು ಅವರ ತಟ್ಟೆಗೆ ಮರಳಿ ಬರಬೇಕಿತ್ತು. ತನಗೊಬ್ಬಳಿಗಾಗಿ ಮೀನು ಮಾಡುವುದು ಅವರಿಗೆ ಸಂಕೋಚ. ಈ ಸಂಕೋಚದ ಬಗ್ಗೆ ನಾವು ಒಂದು ಇಡೀ ಭೇಟಿಯನ್ನು ಕಳೆದೆವು, ಆ ಸಮಯ ವ್ಯರ್ಥವೆಂದು ನಾನು ಎಣಿಸುವುದಿಲ್ಲ.

ಗಂಡನೊಂದಿಗಿನ ಮಾತು ಕೊನೆಗೆ ನನ್ನ ಎದುರೇ ವಿಡಿಯೋ ಕರೆಯಲ್ಲಿ ನಡೆಯಿತು. ಹಣದ ವಿಷಯ ಮುಚ್ಚಿಟ್ಟದ್ದು ತಪ್ಪೆಂದು ಶಾಲಿನಿಯವರು ಮೊದಲೇ ಹೇಳಿದರು, ಆಮೇಲೆ ವರದಿಯನ್ನು ತೋರಿಸಿದರು. ಗಂಡ ಬಹಳ ಹೊತ್ತು ಮಾತಾಡಲಿಲ್ಲ. "ಇಷ್ಟು ರಕ್ತ ಹೋಗುವುದನ್ನು ನನಗೆ ಒಮ್ಮೆ ಹೇಳಬಾರದಿತ್ತಾ ಮಾರಾಯ್ತಿ," ಎಂದಾಗ ಧ್ವನಿಯಲ್ಲಿದ್ದ ಸಿಟ್ಟು ಹೋಗಿತ್ತು. ನಾನು ಇಬ್ಬರ ಮುಂದೆ ಇಟ್ಟ ಸಲಹೆ ಒಂದೇ: ವಾರಕ್ಕೊಂದು ಡ್ರಿಪ್ಪಿಗೆ ಹೋಗುತ್ತಿದ್ದ ಹಣದಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಹೋಂ ನರ್ಸ್ ಒಬ್ಬರನ್ನು ಇರಿಸಿಕೊಳ್ಳುವುದು, ಭಾನುವಾರ ಮೂಡಬಿದ್ರೆಯಲ್ಲಿರುವ ನಾದಿನಿ ತಾಯಿಯನ್ನು ನೋಡಿಕೊಳ್ಳುವುದು, ಮತ್ತು ಆ ಭಾನುವಾರ ಒಂದು ಗಂಟೆ ಶಾಲಿನಿಯವರು ಕೋಣೆಯ ಬಾಗಿಲು ಹಾಕಿ, ಫೋನ್ ಬಂದ್ ಮಾಡಿ ಮಲಗುವುದು. ನಾದಿನಿಗೆ ಫೋನ್ ಮಾಡುವ ಕೆಲಸ ಸೊಸೆಯದ್ದಾಗಬಾರದು, ಮಗನೇ ತಂಗಿಯೊಂದಿಗೆ ಮಾತಾಡಬೇಕೆಂದು ಒತ್ತಿ ಹೇಳಿದೆ, ಅವರು ಅಂದೇ ಮಾತಾಡಿದರು. ರಾತ್ರಿ ಹೊತ್ತು ಮನಸ್ಸು ಕುಸಿದರೆ ಕರೆಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಶಾಲಿನಿಯವರ ಪುಸ್ತಕದಲ್ಲಿ ಬರೆದುಕೊಟ್ಟೆ.

ಮುಂಗಡ ಕಟ್ಟಿದ್ದ ಪ್ಯಾಕೇಜಿನಲ್ಲಿ ಉಳಿದ ಡ್ರಿಪ್‌ಗಳ ಹಣವನ್ನು ಹಿಂದಿರುಗಿಸಲು ಕ್ಲಿನಿಕ್ ಒಪ್ಪಲಿಲ್ಲ. ಲಿಖಿತ ಮನವಿ ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ, ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ತಿಳಿಸಿದ್ದೇನೆ. ಅವರು ಸದ್ಯಕ್ಕೆ ಮನವಿ ಕೊಟ್ಟಿದ್ದಾರೆ. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.4ಕ್ಕೆ ಬಂದಿದೆ, ಖಿನ್ನತೆಯ ಅಂಕವೂ ಇಳಿದಿದೆ, ಆದರೆ ರಕ್ತಸ್ರಾವ ಪೂರ್ತಿ ಹತೋಟಿಗೆ ಬಂದಿಲ್ಲ. ಫೈಬ್ರಾಯ್ಡಿಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ಗಂಡ ರಜೆಯಲ್ಲಿ ಬಂದಾಗ ವೈದ್ಯರ ಬಳಿ ಇಬ್ಬರೂ ಕುಳಿತು ತೀರ್ಮಾನಿಸುವವರಿದ್ದಾರೆ, ಅಲ್ಲಿಯವರೆಗೆ ತಿಂಗಳಿಗೊಮ್ಮೆ ನಮ್ಮ ಭೇಟಿ ಮುಂದುವರಿಯುತ್ತದೆ.