ಮೇನ್‌ಫ್ರೇಮ್ ಓಎಸ್ ಅಪ್‌ಗ್ರೇಡಿಗೆ ಆರು ತಿಂಗಳು ಯಾಕೆ ಬೇಕು?

ಕೋಬಾಲ್ ಪ್ರೋಗ್ರಾಂ ಬರೆದುಕೊಂಡಿದ್ದ ನಿಮ್ಮನ್ನು ಸಿಸ್ಟಮ್ ಪ್ರೋಗ್ರಾಮರ್‌ಗಳ ಟೀಮಿಗೆ ಹಾಕಿದ್ದಾರೆ. ಐಬಿಎಂ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನ ಓಎಸ್ ಆದ ಜೆಡ್ ಓಎಸ್ 2.5ರಿಂದ 3.1ಕ್ಕೆ ಹೋಗುವ ಪ್ಲ್ಯಾನ್ ಕೈಗೆ ಕೊಟ್ಟಿದ್ದಾರೆ. ಒಂದು ಓಎಸ್ ಬದಲಿಸಲು ಆರು ತಿಂಗಳು ಯಾಕೆ, ಹಳೆ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಕಂಪೈಲ್ ಮಾಡಬೇಕಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಉತ್ತರ ಚಿಕ್ಕದು, ಕೊನೆಗೆ ಹೇಳುತ್ತೇನೆ. ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ಬ್ಯಾಂಕಿನ ಮೇನ್‌ಫ್ರೇಮ್ ನೋಡಿಕೊಳ್ಳುವವನು, ಹಾಗಾಗಿ ಉದಾಹರಣೆಗಳೆಲ್ಲ ಆ ಕಡೆಯವೇ.

ಮೊದಲು ರಿಲೀಸ್ ಲೆಕ್ಕ. ಐಬಿಎಂ ಎರಡು ವರ್ಷಕ್ಕೊಂದು ರಿಲೀಸ್ ಬಿಡುತ್ತದೆ. 2.5 ಬಂದದ್ದು ಸೆಪ್ಟೆಂಬರ್ 2021ರಲ್ಲಿ, 3.1 ಬಂದದ್ದು ಸೆಪ್ಟೆಂಬರ್ 2023ರಲ್ಲಿ, 3.2 ಬಂದದ್ದು ಸೆಪ್ಟೆಂಬರ್ 2025ರಲ್ಲಿ. ಮಾಮೂಲಿ ಸಪೋರ್ಟ್ ಐದು ವರ್ಷ. ಅಂದರೆ 2.5ಕ್ಕೆ ಸೆಪ್ಟೆಂಬರ್ 2026ರವರೆಗೆ ಮಾತ್ರ. ಆಮೇಲೂ ಬೇಕು ಅಂದರೆ ಬೇರೆ ದುಡ್ಡು ಕಟ್ಟಬೇಕು. 3.2 ಇರುವಾಗ 3.1 ಯಾಕೆ ಅಂತ ಮ್ಯಾನೇಜರನ್ನು ಕೇಳುವ ಮೊದಲು ನಿಮ್ಮ ಮೆಷಿನ್ ಯಾವುದು ಅಂತ ನೋಡಿ. 3.2ಕ್ಕೆ ಜೆಡ್15 ಅಥವಾ ಅದಕ್ಕಿಂತ ಹೊಸದು ಬೇಕು. 3.1ಕ್ಕೆ ಜೆಡ್14 ಸಾಕು.

ಇನ್ನು ಇನ್‌ಸ್ಟಾಲ್. ಓಡುತ್ತಿರುವ ಸಿಸ್ಟಮನ್ನು ಯಾರೂ ಮುಟ್ಟುವುದಿಲ್ಲ. ಐಬಿಎಂನಿಂದ ಸರ್ವರ್‌ಪ್ಯಾಕ್, ಅಂದರೆ ಇನ್‌ಸ್ಟಾಲ್‌ಗೆ ತಯಾರಾದ ಓಎಸ್ ಕಟ್ಟು, ಬರುತ್ತದೆ. ಅದನ್ನು ಜೆಡ್ ಓಎಸ್‌ಎಂಎಫ್ ಅನ್ನುವ ಬ್ರೌಸರ್ ಟೂಲ್ ಮೂಲಕ ಬೇರೆಯದೇ ಡಿಸ್ಕ್ ವಾಲ್ಯೂಮ್‌ಗಳಿಗೆ ಹಾಕುತ್ತೇವೆ. ಓಎಸ್ ಇರುವ ವಾಲ್ಯೂಮಿಗೆ ಸಿಸ್‌ರೆಸ್ ಅನ್ನುತ್ತಾರೆ. ಹಳೆಯದು ಇದ್ದಲ್ಲೇ ಇರುತ್ತದೆ, ಅದರ ಪಕ್ಕದಲ್ಲಿ ಹೊಸದು ತಯಾರಾಗುತ್ತದೆ. ಯಾವ ಫೈಲ್ ಯಾವ ಡಿಸ್ಕಿನಲ್ಲಿದೆ ಅಂತ ಹೇಳುವ ಕ್ಯಾಟಲಾಗಿನಲ್ಲಿ ಸಿಸ್1.ಲಿಂಕ್‌ಲಿಬ್ ಅನ್ನುವ ಓಎಸ್ ಲೈಬ್ರರಿ ಎದುರು ವಾಲ್ಯೂಮ್ ಹೆಸರು ಹುಡುಕಿ ನೋಡಿ. ಹೆಸರಿನ ಜಾಗದಲ್ಲಿ ಆರು ನಕ್ಷತ್ರ ಇರುತ್ತವೆ: ******. ಯಾವ ಡಿಸ್ಕಿನಿಂದ ಸಿಸ್ಟಮ್ ಎದ್ದಿದೆಯೋ ಅದರಲ್ಲೇ ಹುಡುಕು ಅಂತ ಅದರ ಅರ್ಥ. ಈ ಒಂದು ಏರ್ಪಾಡು ಇರುವುದರಿಂದಲೇ ಒಂದೇ ಕ್ಯಾಟಲಾಗ್ ಇಟ್ಟುಕೊಂಡು ಹಳೆಯದಕ್ಕೂ ಹೊಸದಕ್ಕೂ ಓಡಾಡಬಹುದು. ಯೂನಿಕ್ಸ್ ಭಾಗದ ರೂಟ್ ಫೈಲ್ ಸಿಸ್ಟಮ್ ಕೂಡ ಸಿಸ್‌ರೆಸ್ ಜೊತೆಗೇ ಬದಲಾಗಬೇಕು. ಒಂದು ಹೊಸದು, ಇನ್ನೊಂದು ಹಳೆಯದು ಆಯಿತೋ, ತಲೆಬುಡ ಇಲ್ಲದ ತೊಂದರೆಗಳು ಬರುತ್ತವೆ.

ಇದಿಷ್ಟಕ್ಕೆ ತಿಂಗಳುಗಟ್ಟಲೆ ಬೇಡ. ಸಮಯ ತಿನ್ನುವುದು ಹೋಲ್ಡ್ ಓದುವುದು, ಮತ್ತು ನಿಮ್ಮ ಸೈಟಿನವರೇ ವರ್ಷಾನುಗಟ್ಟಲೆ ಓಎಸ್‌ಗೆ ಅಂಟಿಸಿಕೊಂಡು ಬಂದ ಸಾಮಾನು.

ಹೋಲ್ಡ್ ಅಂದರೆ ಏನು? ಐಬಿಎಂ ಕೊಡುವ ಪ್ರತಿ ರಿಪೇರಿಯೂ ಪಿಟಿಎಫ್ ಅನ್ನುವ ಪ್ಯಾಚ್ ಆಗಿ ಬರುತ್ತದೆ. ಇನ್‌ಸ್ಟಾಲ್ ನೋಡಿಕೊಳ್ಳುವ ಎಸ್‌ಎಂಪಿಇ ಅನ್ನುವ ಟೂಲ್ ಅದನ್ನು ರಿಸೀವ್ ಮಾಡುತ್ತದೆ, ಅಪ್ಲೈ ಮಾಡುತ್ತದೆ, ಕೊನೆಗೆ ಅಕ್ಸೆಪ್ಟ್ ಮಾಡುತ್ತದೆ, ಅಂದರೆ ಖಾಯಂ ಮಾಡುತ್ತದೆ. ಅಪ್ಲೈಗೆ ಮೊದಲು ಅಪ್ಲೈ ಚೆಕ್ ಓಡಿಸಿದರೆ ಉದ್ದನೆಯ ರಿಪೋರ್ಟ್ ಬರುತ್ತದೆ. ಅದರಲ್ಲಿ ಇಂಥ ಪಿಟಿಎಫ್ ಹಾಕುವ ಮೊದಲು ಇಂಥದ್ದು ಮಾಡಿ ಅಂತ ತಡೆಹಿಡಿದಿರುತ್ತಾರೆ, ಅದೇ ಹೋಲ್ಡ್. ಆಕ್ಷನ್ ಅಂತ ಇದ್ದರೆ ನೀವು ಕೈಯಾರೆ ಮಾಡಬೇಕಾದ ಕೆಲಸ ಇದೆ. ಎರರ್ ಅಂತ ಇದ್ದರೆ ಆ ಪಿಟಿಎಫ್ಫೇ ಕೆಟ್ಟಿದೆ, ಸರಿಪಡಿಸಿದ್ದು ಬರುವವರೆಗೆ ಮುಟ್ಟಬೇಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಮೋಸದ್ದು ಎಒ (ಆಟೊಮೇಟೆಡ್ ಆಪರೇಶನ್ಸ್) ಹೋಲ್ಡ್. ಕನ್ಸೋಲಿಗೆ ಬರುವ ಒಂದು ಮೆಸೇಜಿನ ಪಠ್ಯ ಬದಲಾಗಿದೆ ಅಂತ ಅಷ್ಟೇ ಅದು ಹೇಳುತ್ತದೆ. ಅಯ್ಯೋ ಮೆಸೇಜ್ ತಾನೇ ಅನಿಸುತ್ತದೆ. ಆದರೆ ನಿಮ್ಮ ಆಟೊಮೇಶನ್ ಆ ಮೆಸೇಜನ್ನು ಓದಿ ಇನ್ನೊಂದು ಕೆಲಸ ಶುರು ಮಾಡುತ್ತಿದ್ದರೆ, ಅಪ್‌ಗ್ರೇಡ್ ಆದ ರಾತ್ರಿ ಅದು ಸುಮ್ನೆ ಕಾಯುತ್ತಾ ಕೂರುತ್ತದೆ. ಎಲ್ಲೂ ಎರರ್ ಬರುವುದಿಲ್ಲ. ಬೆಳಿಗ್ಗೆ ಬ್ಯಾಚ್ ಮುಗಿದಿಲ್ಲ ಅಂತ ಫೋನ್ ಬರುತ್ತದೆ.

ಬೈಪಾಸ್ ಹೋಲ್ಡ್‌ಸಿಸ್ ಅಂತ ಒಂದೇ ಸಾಲು ಬರೆದು, ಎರರ್ ಹೋಲ್ಡ್ ಬಿಟ್ಟು, ಆಕ್ಷನ್, ಎಒ ಥರದ ಸಿಸ್ಟಮ್ ಹೋಲ್ಡ್‌ಗಳನ್ನೆಲ್ಲ ದಾಟಿಬಿಡಬಹುದು. ಜಾಸ್ತಿ ಸೈಟ್‌ಗಳಲ್ಲಿ ಹಾಗೇ ಮಾಡುತ್ತಾರೆ. ದಾಟಿ, ತೊಂದರೆಯಿಲ್ಲ, ಆದರೆ ಅದಕ್ಕೆ ಮೊದಲು ಪ್ರತಿಯೊಂದನ್ನೂ ಓದಿ ಪಟ್ಟಿ ಮಾಡಿಟ್ಟಿರಿ. ಹೊಸಬರಾದ ನಿಮಗೆ ಈ ಕೆಲಸ ಕೊಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಸಿಸ್ಟಮ್ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಈಗ ಸೈಟಿನ ಸ್ವಂತ ಸಾಮಾನು. ಜಾಬ್‌ಗಳನ್ನು ಸಾಲಿನಲ್ಲಿಟ್ಟು ಓಡಿಸುವ ಓಎಸ್ ಭಾಗ ಜೆಸ್2. ಅದರೊಳಗೆ ಸೈಟಿನವರು ಸೇರಿಸಿದ ಸ್ವಂತ ಕೋಡ್, ಅಂದರೆ ಎಕ್ಸಿಟ್‌ಗಳನ್ನು ಹೊಸ ರಿಲೀಸಿನ ಮ್ಯಾಕ್ರೋಗಳ ಜೊತೆ ಮತ್ತೆ ಅಸೆಂಬಲ್ ಮಾಡಬೇಕು. ಸೋರ್ಸ್ ಎಲ್ಲಿದೆ? ಬರೆದವರು ರಿಟೈರ್ ಆಗಿ ಹೋಗಿರುತ್ತಾರೆ, ಕಾಮೆಂಟಿನಲ್ಲಿ ಇನಿಶಿಯಲ್ ಮಾತ್ರ ಉಳಿದಿರುತ್ತದೆ. ಜೆಸ್2ರ ಬದಲು ಅದೇ ಕೆಲಸದ ಜೆಸ್3 ನಂಬಿಕೊಂಡಿದ್ದವರಿಗೆ ಇನ್ನೂ ಕಷ್ಟ. 2.5 ಅದು ಇರುವ ಕೊನೆಯ ರಿಲೀಸ್, 3.1ರಲ್ಲಿ ಇಲ್ಲವೇ ಇಲ್ಲ. ಆಮೇಲೆ ಬೇರೆ ಕಂಪನಿಗಳ ಪ್ರಾಡಕ್ಟ್‌ಗಳು: ಶೆಡ್ಯೂಲರ್, ಟೇಪ್ ಮ್ಯಾನೇಜರ್, ಮಾನಿಟರ್. ಪ್ರತಿಯೊಂದಕ್ಕೂ 3.1ಕ್ಕೆ ಯಾವ ಮಟ್ಟದ ವರ್ಶನ್ ಬೇಕು ಅಂತ ಅವರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಬೇಕು. ಅವರ ಉತ್ತರ ಬರುವವರೆಗೆ ನಿಮ್ಮ ಪ್ಲ್ಯಾನ್ ಅಲುಗುವುದಿಲ್ಲ. ಜೊತೆಗೆ ತಿಂಗಳ ಕೊನೆ, ಕ್ವಾರ್ಟರ್ ಕೊನೆ, ಡಿಸೆಂಬರ್ ಅಂತ ಬ್ಯಾಂಕಿನವರು ಯಾವ ಬದಲಾವಣೆಗೂ ಬಿಡದ ದಿನಗಳಿರುತ್ತವೆ. ಕ್ಯಾಲೆಂಡರಿನಲ್ಲಿ ಅವನ್ನೆಲ್ಲ ಹೊಡೆದುಹಾಕಿ ನೋಡಿ, ಆರು ತಿಂಗಳಲ್ಲಿ ಉಳಿಯುವ ವಾರಾಂತ್ಯಗಳು ಬೆರಳೆಣಿಕೆಯಷ್ಟು.

ಸಿಸ್‌ಪ್ಲೆಕ್ಸ್, ಅಂದರೆ ಒಟ್ಟಾಗಿ ಕೆಲಸ ಮಾಡುವ ಹಲವು ಜೆಡ್ ಓಎಸ್ ಸಿಸ್ಟಮ್‌ಗಳ ಗುಂಪು, ಇದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಿಲ್ಲ. ಒಂದೊಂದೇ ಸಿಸ್ಟಮ್ ಇಳಿಸಿ ಹೊಸದರಲ್ಲಿ ಎಬ್ಬಿಸುತ್ತಾ ಹೋಗಬಹುದು. 2.5ರ ಜೊತೆ 3.1 ಬಾಳುತ್ತದೆ. ಆದರೆ ಹಳೆಯ ಕಡೆಗೆ ಕೋಎಕ್ಸಿಸ್ಟೆನ್ಸ್ (ಎರಡೂ ಒಟ್ಟಿಗೆ ಬಾಳಲು ಬೇಕಾದ) ಪಿಟಿಎಫ್‌ಗಳನ್ನು ಮೊದಲೇ ಹಾಕಿರಬೇಕು. ಅವು ಬಿಟ್ಟುಹೋಗಿವೆಯಾ ಅಂತ ಎಸ್‌ಎಂಪಿಇಯ ರಿಪೋರ್ಟ್ ಮಿಸ್ಸಿಂಗ್‌ಫಿಕ್ಸ್ ಹೇಳುತ್ತದೆ. ಕೊನೆಯ ಸಿಸ್ಟಮ್ ಕೂಡ ಹೊಸದಕ್ಕೆ ಬಂದು ಕೆಲವು ವಾರ ಓಡುವವರೆಗೆ 3.1ರ ಹೊಸ ಸೌಲಭ್ಯ ಯಾವುದನ್ನೂ ಆನ್ ಮಾಡಬೇಡಿ. ಮಾಡಿದರೆ ವಾಪಸ್ ಹೋಗುವ ಬಾಗಿಲು ಮುಚ್ಚಬಹುದು.

ಬದಲಾಯಿಸುವ ದಿನ ನೋಡಲು ಅಂಥದ್ದೇನೂ ಇರುವುದಿಲ್ಲ. ನ್ಯೂಯಾರ್ಕಿನಲ್ಲಿ ಭಾನುವಾರ ರಾತ್ರಿ 1 ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಬೆಳಿಗ್ಗೆ 10:30, ಚಳಿಗಾಲದಲ್ಲಿ 11:30. ಮೆಷಿನ್ ನಿಯಂತ್ರಿಸುವ ಕನ್ಸೋಲ್ ಆದ ಎಚ್‌ಎಂಸಿಯಲ್ಲಿ ಹೊಸ ಸಿಸ್‌ರೆಸ್‌ನ ಅಡ್ರೆಸ್ ಮತ್ತು ಹೇಗೆ ಏಳಬೇಕು ಅಂತ ಹೇಳುವ ಎಂಟು ಅಕ್ಷರದ ಲೋಡ್‌ಪಾರ್ಮ್ ಕೊಟ್ಟು ಐಪಿಎಲ್, ಅಂದರೆ ಬೂಟ್, ಮಾಡುತ್ತೇವೆ. ಎದ್ದ ಮೇಲೆ ನಾನು ಮೊದಲು ಕೊಡುವ ಕಮಾಂಡ್ ಡಿ ಐಪಿಎಲ್‌ಇನ್ಫೋ. ರಿಲೀಸ್ 03.01.00 ಅಂತ ಇದೆಯಾ, ವಾಲ್ಯೂಮ್ ಹೊಸದೇನಾ ಅಂತ ನೋಡಿಕೊಳ್ಳದೆ ಮುಂದೆ ಹೋಗುವುದಿಲ್ಲ. ತಪ್ಪು ವಾಲ್ಯೂಮಿನಿಂದ ಎದ್ದರೂ ಸಿಸ್ಟಮ್ ನಗುನಗುತ್ತಲೇ ಏಳುತ್ತದೆ ನೋಡಿ.

ಆಮೇಲೆ ಬರುವ ತೊಂದರೆಗಳಲ್ಲಿ ಎರಡು ಮಾಮೂಲಿ. ಎಸ್806 ಅನ್ನುವ ಎರರ್ ಕೋಡ್ ಬಂದರೆ ಮಾಡ್ಯೂಲ್ ಸಿಕ್ಕಿಲ್ಲ, ಓಎಸ್ ಹುಡುಕುವ ಲೈಬ್ರರಿಗಳ ಪಟ್ಟಿಯಾದ ಲಿಂಕ್‌ಲಿಸ್ಟಿನಲ್ಲಿ ಯಾವುದೋ ಲೈಬ್ರರಿ ಬಿಟ್ಟಿದೆ. ಎಸ್047 ಬಂದರೆ ಲೈಬ್ರರಿ ಇದೆ, ಓಎಸ್‌ನ ವಿಶೇಷ ಸೇವೆ ಬಳಸಲು ಬೇಕಾದ ಎಪಿಎಫ್ ಅಧಿಕಾರ ಇಲ್ಲ. ಎಪಿಎಫ್ ಪಟ್ಟಿಯಲ್ಲಿ ಯಾರೋ ಹಳೆ ವಾಲ್ಯೂಮ್ ಹೆಸರನ್ನೇ ಬರೆದಿಟ್ಟಿರುತ್ತಾರೆ. ಡಿ ಪ್ರಾಗ್,ಎಪಿಎಫ್ ಕೊಟ್ಟು ನೋಡಿದರೆ ಗೊತ್ತಾಗುತ್ತದೆ. ಸೆಟ್‌ಪ್ರಾಗ್ ಕೊಟ್ಟು ಅಲ್ಲೇ ಸರಿ ಮಾಡಬಹುದು, ಮತ್ತೆ ಐಪಿಎಲ್ ಬೇಡ. ಸಿಸ್ಟಮ್ ಏಳುವಾಗ ಓದುವ ಸೆಟ್ಟಿಂಗ್‌ಗಳ ಲೈಬ್ರರಿಯಾದ ಪಾರ್ಮ್‌ಲಿಬ್‌ನಲ್ಲೂ ತಿದ್ದುವುದನ್ನು ಮಾತ್ರ ಮರೆಯಬೇಡಿ, ಮರೆತರೆ ಮುಂದಿನ ಐಪಿಎಲ್‌ಗೆ ಅದೇ ಕತೆ.

ಸಿಸ್ಟಮ್ ಪೂರ್ತಿ ನಿಂತೇಹೋದರೆ ಎಲ್ಲರೂ ಬೇಗ ಮತ್ತೆ ಎಬ್ಬಿಸಿ ಅಂತ ಕಿರುಚುತ್ತಾರೆ. ಎಷ್ಟೇ ಕಿರುಚಲಿ, ಮೊದಲು ಸ್ಟ್ಯಾಂಡ್‌ಅಲೋನ್ ಡಂಪ್, ಅಂದರೆ ನಿಂತ ಸಿಸ್ಟಮಿನ ಮೆಮೊರಿಯ ಪ್ರತಿ, ತೆಗೆಯಿರಿ. ಜೆಡ್ ಓಎಸ್ ಅನ್ನು ಮತ್ತೆ ಐಪಿಎಲ್ ಮಾಡಿದ ಕೂಡಲೇ ಮೆಮೊರಿಯಲ್ಲಿದ್ದ ಸಾಕ್ಷಿ ಹೋಯಿತು. ಆಮೇಲೆ ಐಬಿಎಂಗೆ ಸಿವಿಯರಿಟಿ 1 ಕೇಸ್ ಹಾಕಿದರೂ ಅವರು ಮೊದಲು ಕೇಳುವುದು ಡಂಪನ್ನೇ. ಅಕ್ಸೆಪ್ಟ್ ಮಾಡುವುದಕ್ಕೂ ಅವಸರ ಬೇಡ. ಅಕ್ಸೆಪ್ಟ್ ಆದ ಪಿಟಿಎಫ್ ಅನ್ನು ರಿಸ್ಟೋರ್ ಮಾಡಿ ತೆಗೆಯಲು ಬರುವುದಿಲ್ಲ.

ಕಂಪೈಲ್ ಪ್ರಶ್ನೆಗೆ ಬಂದರೆ: ಬೇಡ. ನಿಮ್ಮ ಕೋಬಾಲ್ ಲೋಡ್ ಮಾಡ್ಯೂಲ್‌ಗಳು (ಕಂಪೈಲ್ ಆಗಿ ಓಡಲು ತಯಾರಿರುವವು) ಇದ್ದಂತೆಯೇ ಓಡುತ್ತವೆ, ಓಡುವಾಗ ಅವಕ್ಕೆ ಬೇಕಾದ ಲೈಬ್ರರಿಗಳು, ಅಂದರೆ ಲ್ಯಾಂಗ್ವೇಜ್ ಎನ್ವಿರಾನ್‌ಮೆಂಟ್, ಓಎಸ್ ಜೊತೆಗೇ ಬರುತ್ತದೆ. ಟೆಸ್ಟ್ ಮಾತ್ರ ಬೇಕು. ಅಸೆಂಬ್ಲರ್ ಸಬ್‌ರುಟೀನ್ ಕರೆಯುವ ಪ್ರೋಗ್ರಾಂಗಳನ್ನು ಆ ಪಟ್ಟಿಯಲ್ಲಿ ಮೊದಲು ಹಾಕಿ, ಓಎಸ್‌ನ ಒಳಗಿನ ಮಾಹಿತಿ ಕೋಷ್ಟಕಗಳಾದ ಕಂಟ್ರೋಲ್ ಬ್ಲಾಕ್‌ಗಳಿಗೆ ಕೈಹಾಕುವವು ಅವೇ. ಯಾವ ಪ್ರೋಗ್ರಾಂ ಯಾವ ಸಬ್‌ರುಟೀನ್ ಕರೆಯುತ್ತದೆ ಅನ್ನುವುದು ನಿಮ್ಮ ಹೊಸ ಟೀಮಿನವರಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಪಟ್ಟಿ ಬರೆಯಲು ಈ ವಾರವೇ ಕೂತುಬಿಡಿ.